ಪಂಡಿತರ ಓಟಕ್ಕೆ ಬಹ್ರೈನಿನ ಸೂಟು

ತುಳುವರ ಹೊಸವರ್ಷವಾದ ಬಿಸು ಹಬ್ಬಕ್ಕೆ ಇನ್ನು ನಾಲ್ಕು ದಿನ ಇರುವಾಗ ಉಡುಪಿ ಕಡಿಯಾಳಿಯ ಯಜ್ಞನಾರಾಯಣ ಉಪಾಧ್ಯಾಯರು ಎಡಗೈಯಲ್ಲಿ ಕಾಫಿ ಲೋಟ ಹಿಡಿದುಕೊಂಡು, ಬಲಗೈ ಮೇಲೆತ್ತಿ, ಒಂದು ಮಹಾಸಂಕಲ್ಪವನ್ನು ಘೋಷಿಸಿದರು. ಸಾಕ್ಷಿಗಳಾಗಿ ಅಲ್ಲಿದ್ದವರು ಅವರ ಹೆಂಡತಿ ಸುಭಾಷಿಣಿಯಮ್ಮ ಮತ್ತು ಅಡಿಗೆಮನೆಯ ಬೆಕ್ಕು.

“ಬಿಸುವಿನಿಂದ ಲೆಕ್ಕ ಹಾಕಿ ನಲವತ್ತೆಂಟು ದಿನ. ಸರಿಯಾಗಿ ಒಂದು ಮಂಡಲ. ದಿನಾ ಬೆಳಿಗ್ಗೆ ಇಂದ್ರಾಳಿಗೆ ಓಡುತ್ತೇನೆ, ಓಡಿಯೇ ಬರುತ್ತೇನೆ. ಕೊನೆಯ ದಿನ ಮಣಿಪಾಲದ ಏರನ್ನು ಓಡಿ ಹತ್ತಿ ಆ ಡಾಕ್ಟರಮ್ಮನ ಎದುರು ನಿಲ್ಲದಿದ್ದರೆ ನನ್ನ ಹೆಸರು ಯಜ್ಞನಾರಾಯಣ ಅಲ್ಲ!”

ಸುಭಾಷಿಣಿಯಮ್ಮ ಕಾಫಿ ತಣಿಯುತ್ತದೆ ಎಂದರು. ಬೆಕ್ಕು ಎದ್ದು ಹೊರಗೆ ಹೋಯಿತು.

ಹೈಸ್ಕೂಲಿನ ಸಂಸ್ಕೃತ ಪಂಡಿತರು ಓಡುವುದೆಂದರೇನು ಎಂದು ನೀವು ನಗಬಹುದು. ಆದರೆ ಈ ಸಂಕಲ್ಪದ ಬುಡದಲ್ಲಿ ನಗುವಂಥದ್ದೇನೂ ಇರಲಿಲ್ಲ. ಅದು ಸಾವಿರದ ಒಂಬೈನೂರ ಎಂಬತ್ತಮೂರನೇ ಇಸವಿ. ಪಂಡಿತರಿಗೆ ನಲವತ್ತಾರು ನಡೆಯುತ್ತಿತ್ತು. ಅವರ ತಂದೆ ತೀರಿಕೊಂಡದ್ದೂ ನಲವತ್ತಾರಕ್ಕೇ. ಒಂದು ಮಧ್ಯಾಹ್ನ ದೇವಸ್ಥಾನದಿಂದ ಮನೆಗೆ ನಡೆದು ಬರುತ್ತಿದ್ದವರು ಕಲ್ಸಂಕದ ಹತ್ತಿರ ಎದೆ ಹಿಡಿದುಕೊಂಡು ಕುಳಿತರು, ಮತ್ತೆ ಏಳಲಿಲ್ಲ. ಮಾರ್ಚಿನಲ್ಲಿ ಮಣಿಪಾಲದ ಡಾಕ್ಟರ್ ಕ್ಲಾರಾ ಪಂಡಿತರ ತೋಳಿಗೆ ಬಿ.ಪಿ. ನೋಡುವ ಪಟ್ಟಿ ಸುತ್ತಿ, ಪಾದರಸ ಏರಿದ ಎತ್ತರ ನೋಡಿ ಹುಬ್ಬು ಗಂಟಿಕ್ಕಿದಾಗ ಪಂಡಿತರ ಕಣ್ಣೆದುರು ನಿಂತದ್ದು ಆ ಕಲ್ಸಂಕ. ಹೆದರಿಕೆಯಾಗಿದೆ ಎಂದು ಅವರು ಯಾರಿಗೂ ಹೇಳಲಿಲ್ಲ. ಹೆದರಿದ ಗಂಡಸರು ಸಾಮಾನ್ಯವಾಗಿ ಮಾಡುವ ಹಾಗೆ ದೊಡ್ಡ ದೊಡ್ಡ ಮಾತು ಆಡತೊಡಗಿದರು.

ಡಾಕ್ಟರರು ಹೇಳಿದ್ದು ಸರಳ. ಬೆಳಿಗ್ಗೆ ಬೇಗ ಎದ್ದು ಬಿರುಸಾಗಿ ನಡೆಯಿರಿ, ಕೂಡಿದರೆ ಸ್ವಲ್ಪ ಓಡಿ. ಸೆಕೆಗಾಲ, ಮೈಮೇಲೆ ಸಡಿಲವಾದ ತೆಳು ಹತ್ತಿಬಟ್ಟೆ ಇರಲಿ, ತಲೆಗೆ ನೆರಳಿರಲಿ, ಉಪ್ಪು ಹಾಕಿದ ಮಜ್ಜಿಗೆನೀರು ಜೊತೆಯಲ್ಲಿರಲಿ. ಇಷ್ಟನ್ನೂ ಕೇಳಿಸಿಕೊಂಡವರು ಸುಭಾಷಿಣಿಯಮ್ಮ. ಪಂಡಿತರ ಕಿವಿಗೆ ಬಿದ್ದದ್ದು ‘ಓಡಿ’ ಎಂಬ ಒಂದೇ ಮಾತು.

ಹಾಗಾಗಿ ಏನು ತೊಟ್ಟು ಓಡುವುದು ಎಂಬ ಪ್ರಶ್ನೆ ಬಂದಾಗ ಚಾವಡಿಯಲ್ಲಿ ಒಂದು ವಾಕ್ಯಾರ್ಥ ಗೋಷ್ಠಿಯೇ ನಡೆಯಿತು. ಸುಭಾಷಿಣಿಯಮ್ಮನ ಪಕ್ಷ ಹೀಗಿತ್ತು: ಹಳೆಯ ಮಲ್ಲಿನ ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟುವುದು, ಮೇಲೊಂದು ತೋಳಿಲ್ಲದ ಬನಿಯನು, ಬೆವರೊರೆಸಲು ಹೆಗಲ ಮೇಲೆ ಬೈರಾಸು, ತಲೆಗೆ ಗದ್ದೆ ಕೆಲಸದವರು ಇಡುವಂಥ ಅಡಿಕೆ ಹಾಳೆಯ ಮುಟ್ಟಾಳೆ. ಎಲ್ಲವೂ ಮನೆಯಲ್ಲೇ ಇತ್ತು. ಅದೇ ಅದರ ದೊಡ್ಡ ದೋಷ.

“ಮೊಣಕಾಲು ಬಿಟ್ಟುಕೊಂಡು, ಮುಟ್ಟಾಳೆ ಇಟ್ಟುಕೊಂಡು ಮಾರ್ಗದಲ್ಲಿ ಓಡಿದರೆ, ನಾಳೆ ರಾಮಶಬ್ದ ಹೇಳಿಕೊಡುವಾಗ ಯಾವ ಮಗು ನನ್ನ ಮುಖ ನೋಡೀತು ಮಾರಾಯ್ತಿ?” ಎಂದು ಪಂಡಿತರು ಆ ಪಕ್ಷವನ್ನು ಖಂಡಿಸಿದರು. ಚಡ್ಡಿಯ ಮಾತನ್ನಂತೂ ಆ ಮನೆಯಲ್ಲಿ ಯಾರೂ ಎತ್ತಲಿಲ್ಲ.

ಪರಿಹಾರ ಕಾಪುವಿನಿಂದ ಬಂತು. ಅಲ್ಲಿಯ ಶೇಖರ ಪಂಡಿತರ ಹಳೆಯ ಶಿಷ್ಯ, ಈಗ ಬಹ್ರೈನಿನಲ್ಲಿ ನೌಕರಿ. ರಜೆಯಲ್ಲಿ ಬಂದವನು ಗುರುಗಳಿಗೆಂದು ಒಂದು ಸೂಟು ತಂದುಕೊಟ್ಟ. ಕಡುನೀಲಿ ಬಣ್ಣ, ಮಿರಮಿರ ಮಿಂಚುವ ನೈಲಾನು, ಗಲ್ಲದವರೆಗೆ ಏರುವ ಕಾಲರು, ಒಳಗೆಲ್ಲ ಕಂಬಳಿಯಂಥ ಮೆತ್ತನೆಯ ಅಸ್ತರು. ಕುತ್ತಿಗೆಯಿಂದ ಕಾಲಗಂಟಿನವರೆಗೆ ಪಂಡಿತರ ಪಾಂಡಿತ್ಯದ ಒಂದಂಗುಲವೂ ಹೊರಗೆ ಕಾಣುವಂತಿರಲಿಲ್ಲ. ಶೇಖರ ಪ್ರಾಮಾಣಿಕ. “ಸಾರ್, ನಮ್ಮ ಆಫೀಸಿನ ಒಳಗೆ ಎಸಿ ಹಾಕಿ ಹಾಕಿ ಭಾರಿ ಚಳಿ. ಅಂಥ ಕಡೆಗೆ ಆಗುವಂಥದ್ದು ಇದು. ಇಲ್ಲಿಯ ಸೆಕೆಗೆ ಹೇಗೋ ಎಂತದೋ,” ಎಂದು ರಾಗ ಎಳೆದ. ಗುರುವಿಗೆ ಕೊಟ್ಟದ್ದನ್ನು ಶಿಷ್ಯನೇ ವಿಮರ್ಶಿಸಬಾರದು ಎಂದು ಪಂಡಿತರು ಅವನ ಬಾಯಿ ಮುಚ್ಚಿಸಿದರು.

ಅವನೇ ಕೊಟ್ಟ ಕೂಲಿಂಗ್ ಗ್ಲಾಸಿನ ಹೆಸರಿನಲ್ಲೇ ತಂಪು ಇದ್ದುದರಿಂದ ತಲೆಯ ನೆರಳಿನ ವಿಷಯವೂ ಬಗೆಹರಿದಂತಾಯಿತು. ಉಡುಪಿ ಪೇಟೆಯಲ್ಲಿ ಕೊಂಡ ಕ್ಯಾನ್ವಾಸ್ ಶೂ ಒಂದು ನಂಬರು ದೊಡ್ಡದಾಯಿತು, ತುದಿಗೆ ಹತ್ತಿ ತುರುಕಿದರು. ಡಾಕ್ಟರರು ಹೇಳಿದ ಹತ್ತಿ ಅವರ ಇಡೀ ವೇಷದಲ್ಲಿ ಇದ್ದದ್ದು ಅಲ್ಲಿ ಮಾತ್ರ.

ಬಿಸುವಿನ ಮುಂಜಾನೆ ದೇವರೆದುರು ಜೋಡಿಸಿಟ್ಟ ಹಣ್ಣುಕಾಯಿಗಳ ಕಣಿ ನೋಡಿ, ಕೈಮುಗಿದು, ಪಂಡಿತರು ಮಾರ್ಗಕ್ಕಿಳಿದರು. ಮನೆಯಿಂದ ನೂರು ಹೆಜ್ಜೆ ಹೋಗುವಷ್ಟರಲ್ಲಿ ಸೂಟಿನ ಒಳಗೆ ಇಡ್ಲಿ ಬೇಯಿಸಬಹುದಾದಷ್ಟು ಹಬೆ ತುಂಬಿತು. ಆದರೆ ಊರು ನೋಡುತ್ತಿತ್ತಲ್ಲ! ಕುಂಜಿಬೆಟ್ಟಿನಲ್ಲಿ ಸೈಕಲ್ ಶಾಪಿನ ಇಮ್ಯಾನುಯೆಲ್ ಪಂಪು ಒತ್ತುವುದನ್ನು ನಿಲ್ಲಿಸಿ, ಗಡಿಯಾರ ನೋಡಿ, ಒಮ್ಮೆ ಅವರನ್ನೂ ಒಮ್ಮೆ ಅವರ ಹಿಂದಕ್ಕೂ ನೋಡಿ ನಕ್ಕ. ಕಾರ್ಕಳದ ಬಸ್ಸಿನ ಜನ ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದರು. ಮೊದಲು ಪಂಡಿತರನ್ನು, ಆಮೇಲೆ ಅವರ ಹಿಂದಕ್ಕೆ. ಸೂಟಿನ ಬೆನ್ನ ಮೇಲೆ ಇಂಗ್ಲಿಷ್ ಅಕ್ಷರ ಇತ್ತು, ಅದನ್ನು ಓದುತ್ತಿದ್ದಾರೆ ಎಂದುಕೊಂಡು ಪಂಡಿತರು ಬೆನ್ನನ್ನು ಇನ್ನಷ್ಟು ನೇರ ಮಾಡಿದರು. ತಿರುಗಿ ನೋಡುವ ಪ್ರಶ್ನೆಯೇ ಇರಲಿಲ್ಲ. ಆ ಕಾಲರಿನೊಳಗೆ ಕುತ್ತಿಗೆ ತಿರುಗುತ್ತಿರಲಿಲ್ಲ.

ವಾರ ಕಳೆದ ಮೇಲೆ ಇಮ್ಯಾನುಯೆಲ್ ತಡೆಯಲಾರದೆ ಕೇಳಿಯೇಬಿಟ್ಟ, ಇದು ಏನಾದರೂ ವ್ರತವೋ ಎಂದು. ಹೌದು, ಒಂದು ಮಂಡಲದ ವ್ರತ ಎಂದು ಪಂಡಿತರು ಗಂಭೀರವಾಗಿ ಉತ್ತರಿಸಿದರು. ವ್ರತವಾದರೆ ಸರಿ, ನಾವು ಬೇರೆ ಎಂತದೋ ಎಣಿಸಿದೆವು ಎಂದು ಅವನು ಸಮಾಧಾನಪಟ್ಟುಕೊಂಡ.

ಇಂದ್ರಾಳಿಯ ಮೋರಿಕಟ್ಟೆಯ ಮೇಲೆ ಹತ್ತು ಹದಿನೈದು ನಿಮಿಷ ಕುಳಿತು, ಉಸಿರು ಹಿಂದಕ್ಕೆ ಬಂದ ಮೇಲೆ, ಪಂಡಿತರು ಮನೆಗೆ ಹೊರಡುತ್ತಿದ್ದರು. ಮನೆ ತಲುಪುವಾಗ ಕಾಫಿ ಸಿದ್ಧ. ಲೋಟ ಕೊಡುವ ಸುಭಾಷಿಣಿಯಮ್ಮನ ಮುಖವೂ ಬೆವರಿನಿಂದ ಹೊಳೆಯುತ್ತಿತ್ತು. ಒಲೆಯ ಬೆಂಕಿ ಎನ್ನುತ್ತಿದ್ದರು ಅವರು. ಬೆವರು ಎಂದರೆ ನಿಜವಾಗಿ ಏನೆಂದು ಒಲೆಯ ಎದುರು ಕೂತವರಿಗೆ ತಿಳಿಯದು ಎಂದು ಪಂಡಿತರು ದಿನಾ ಒಂದು ಸಣ್ಣ ಉಪನ್ಯಾಸ ಕೊಡುತ್ತಿದ್ದರು. ಆ ಬೇಸಗೆಯಲ್ಲಿ ಸುಭಾಷಿಣಿಯಮ್ಮನ ಹವಾಯಿ ಚಪ್ಪಲಿಯ ಬಾರು ಎರಡು ಸಲ ಕಿತ್ತುಹೋಯಿತು. ಮನೆಯೊಳಗೇ ಇರುವವಳಿಗೆ ಚಪ್ಪಲಿ ಸವೆಯುವುದು ಹೇಗೆ ಎಂದು ಪಂಡಿತರು ಗದರಿದರು. ಸೀರೆಯ ಅಂಚಿನ ತುಂಬ ಅಂಟುಹುಲ್ಲಿನ ಬೀಜ ಕಂಡಾಗ, ದನದ ಹುಲ್ಲು ಜಾಗ್ರತೆಯಿಂದ ಹಾಕಬೇಕು ಎಂದು ಬುದ್ಧಿ ಹೇಳಿದರು. ಸುಭಾಷಿಣಿಯಮ್ಮ ಎಲ್ಲಕ್ಕೂ ಹೂಂ ಎಂದರು.

ಇನ್ನೊಂದು ತೊಂದರೆ ಮಾತ್ರ ಮುಚ್ಚಿಡುವಂಥದ್ದಾಗಿರಲಿಲ್ಲ. ಸೂಟು ಬಣ್ಣ ಬಿಡುತ್ತಿತ್ತು. ಮೊದಲ ವಾರ ಬಕೆಟಿನ ನೀರು ನೀಲಿಯಾಯಿತು, ಎರಡನೆಯ ವಾರ ಅದರ ಜೊತೆ ನೆನೆಸಿದ ಬನಿಯನುಗಳೆಲ್ಲ ನೀಲಿಯಾದವು, ಮೇ ತಿಂಗಳಲ್ಲಿ ಪಂಡಿತರೇ ನೀಲಿಯಾದರು. ಎಷ್ಟು ತಿಕ್ಕಿದರೂ ಎದೆಯ ಬಣ್ಣ ಹೋಗಲಿಲ್ಲ. ಶ್ಯಾಮಲವರ್ಣ ದೇವರಿಗೆ ಶೋಭಿಸಿದರೆ ಭಕ್ತನಿಗೂ ಅಡ್ಡಿಯಿಲ್ಲ ಎಂದು ಅವರು ತಮಗೆ ತಾವೇ ವ್ಯಾಖ್ಯಾನ ಮಾಡಿಕೊಂಡರು.

ನಲವತ್ತೆಂಟನೆಯ ದಿನ ಬಂತು. ಮೇ ತಿಂಗಳ ಕೊನೆ. ಮೋಡ ಕಟ್ಟಿತ್ತು, ಮಳೆ ಇರಲಿಲ್ಲ, ಒಂದು ಎಲೆಯೂ ಅಲುಗುತ್ತಿರಲಿಲ್ಲ. ಡಾಕ್ಟರರು ಕೊಟ್ಟ ಸಮಯ ಹತ್ತು ಗಂಟೆ. ಇವತ್ತೊಂದು ದಿನ ಬಸ್ಸಿನಲ್ಲಿ ಹೋಗುವ ಎಂದು ಸುಭಾಷಿಣಿಯಮ್ಮ ಎರಡು ಸಲ ಹೇಳಿದರು. ಚೀಟಿ ಹಿಡಿದುಕೊಂಡು ನೀನು ಬಸ್ಸಿನಲ್ಲಿ ಬಾ, ನಾನು ಮೊದಲೇ ಅಲ್ಲಿರುತ್ತೇನೆ ಎಂದು ಪಂಡಿತರು ಒಂಬತ್ತು ಗಂಟೆಗೆ ಗಲ್ಲದವರೆಗೆ ಜಿಪ್ಪು ಎಳೆದು ಹೊರಟೇಬಿಟ್ಟರು.

ಇಂದ್ರಾಳಿ ದಾಟಿ ಏರು ಸುರುವಾಯಿತು. ಅರ್ಧ ಏರುವಾಗ ಪಂಡಿತರಿಗೆ ಡಾಂಬರು ಮಾರ್ಗ ಅಡಿಯಿಂದ ಜಾರಿದಂತಾಯಿತು. ಕಿವಿಯಲ್ಲಿ ಗುಂಯ್ ಎಂಬ ಸದ್ದು, ನಾಲಿಗೆ ಒಣಗಿ ಮರದ ತುಂಡು. ಎದೆಗೆ ಕೈ ಹೋಯಿತು. ಮಾರ್ಗದ ಬದಿಯಲ್ಲಿ ಕುಸಿದು ಕುಳಿತಾಗ ಅವರಿಗೆ ಬಂದದ್ದು ಒಂದೇ ಯೋಚನೆ: ತಂದೆಯವರೂ ಹೀಗೆಯೇ ಕುಳಿತಿರಬೇಕು. ಇಂಥದೇ ಸೆಕೆ. ಹತ್ತಿರ ತನ್ನವರೆಂದು ಯಾರೂ ಇಲ್ಲ.

ಅಷ್ಟರಲ್ಲಿ ಯಾರೋ ಸರ್ರನೆ ಜಿಪ್ಪು ಎಳೆದರು. ಒದ್ದೆ ಬೈರಾಸು ತಲೆಯ ಮೇಲೆ ಬಿತ್ತು. ಬಾಟಲಿಯ ಬಾಯಿ ತುಟಿಗೆ ತಾಗಿತು. ಉಪ್ಪು ಹಾಕಿದ ಮಜ್ಜಿಗೆನೀರು. ಕಣ್ಣು ಬಿಟ್ಟರೆ ಸುಭಾಷಿಣಿಯಮ್ಮ. ನೂಲಿನ ಸೀರೆಯನ್ನು ಎತ್ತಿ ಸೊಂಟಕ್ಕೆ ಬಿಗಿದಿದ್ದರು. ಚಪ್ಪಲಿ ಕೈಯಲ್ಲಿತ್ತು, ತಲೆಯ ಮೇಲೆ ಮುಟ್ಟಾಳೆ ಇತ್ತು. ಉಸಿರು ಮಾತ್ರ ದೇವರ ಮನೆಯಲ್ಲಿ ಕುಳಿತವರಷ್ಟು ಶಾಂತವಾಗಿತ್ತು.

“ನೀನು ಬಸ್ಸಿನಲ್ಲಿ ಬಂದದ್ದಾ?” ಪಂಡಿತರು ಬಾಯಿ ಒರೆಸಿಕೊಂಡು ಕೇಳಿದರು.

“ಇಲ್ಲ. ನಿಮ್ಮ ಹಿಂದೆ ಬಂದದ್ದು. ದಿನಾ ಬಂದಿದ್ದೇನೆ.”

“ದಿನಾ? ಮತ್ತೆ ಕಾಫಿ?”

“ನೀವು ಮೋರಿಯಲ್ಲಿ ಕೂತಾಗ ಗದ್ದೆಯ ಒಳದಾರಿಯಲ್ಲಿ ಓಡಿ ಮನೆಗೆ ಹೋಗುತ್ತಿದ್ದೆ. ಮಜ್ಜಿಗೆನೀರೂ ದಿನಾ ತರುತ್ತಿದ್ದೆ. ನೀವು ಬೀಳಲಿಲ್ಲವಲ್ಲ, ನಾನೇ ಕುಡಿದೆ.”

ಸುಭಾಷಿಣಿಯಮ್ಮ ಬೈರಾಸು ಹಿಂಡುತ್ತಾ, ಮುಖ ಬೇರೆ ಕಡೆ ತಿರುಗಿಸಿ, ಮೆಲ್ಲಗೆ ಹೇಳಿದರು. “ಅವತ್ತು ಮಾವನವರು ದಾರಿಯಲ್ಲಿ ಬಿದ್ದಾಗ ಮನೆಯವರು ಒಬ್ಬರೂ ಹತ್ತಿರ ಇರಲಿಲ್ಲ. ನಾನು ಹೊಸ ಸೊಸೆ. ಅವರಿಗೆ ಎಲೆ ಹಾಕಿ, ನೀರು ಇಟ್ಟು, ಕಾಯುತ್ತಾ ಕೂತಿದ್ದೆ. ಇನ್ನೊಂದು ಸಲ ಹಾಗೆ ಎಲೆ ಹಾಕಿ ಕೂರಲಿಕ್ಕೆ ನನ್ನಿಂದ ಆಗುವುದಿಲ್ಲ.”

ಇಪ್ಪತ್ತೆರಡು ವರ್ಷ ಜೊತೆಯಲ್ಲಿ ಬಾಳಿದ ಪಂಡಿತರಿಗೆ ಆ ಎಲೆಯ ವಿಷಯ ಗೊತ್ತಿರಲಿಲ್ಲ. ಅವರ ಕಣ್ಣು ತುಂಬಿತು. ಕೂಲಿಂಗ್ ಗ್ಲಾಸು ಉಪಯೋಗಕ್ಕೆ ಬಂದದ್ದು ಆಗ ಮಾತ್ರ.

ರಿಕ್ಷಾದಲ್ಲಿ ಕ್ಲಿನಿಕ್ಕಿಗೆ ತಲುಪಿದಾಗ ಇನ್ನೊಂದು ಅನಾಹುತ ಕಾದಿತ್ತು. ನರ್ಸ್ ಗ್ಲ್ಯಾಡಿಸ್ ಸೂಟು ಬಿಡಿಸಿ ನೋಡಿದರೆ ರೋಗಿಯ ಎದೆ, ಕುತ್ತಿಗೆ, ಗಲ್ಲದವರೆಗೆ ಎಲ್ಲವೂ ನೀಲಿ! ಆಕೆ ಆಕ್ಸಿಜನ್ ತರಲು ಹೊರಗೆ ಓಡಿದಳು. ಡಾಕ್ಟರ್ ಕ್ಲಾರಾ ಒಳಗಿನಿಂದ ಧಾವಿಸಿ ಬಂದು ನಾಡಿ ಹಿಡಿದರು. ಹೆದರಬೇಡಿ, ಅದು ಬಹ್ರೈನಿನ ಬಣ್ಣ ಎಂದು ಸುಭಾಷಿಣಿಯಮ್ಮ ಬಾಗಿಲ ಬಳಿಯಿಂದ ಶಾಂತವಾಗಿ ತಿಳಿಸಿದರು. ಡಾಕ್ಟರರು ಸ್ಪಿರಿಟಿನ ಹತ್ತಿಯಿಂದ ಒಂದು ಸಲ ಒರೆಸಿದರು. ಹತ್ತಿ ನೀಲಿಯಾಯಿತು, ಪಂಡಿತರು ಸ್ವಲ್ಪ ಗೋಧಿವರ್ಣಕ್ಕೆ ಮರಳಿದರು.

ಎದೆಗೆ ಏನೂ ಆಗಿರಲಿಲ್ಲ; ಸೆಕೆ ಮತ್ತು ಸೂಟು ಸೇರಿ ನೀರು ಬತ್ತಿಸಿದ್ದವು, ಅಷ್ಟೆ. ಆದರೆ ಪಾದರಸ ಮಾರ್ಚಿನಲ್ಲಿ ಎಲ್ಲಿತ್ತೋ ಅಲ್ಲಿಂದ ಒಂದು ಗೆರೆಯೂ ಇಳಿದಿರಲಿಲ್ಲ. ಆವಿಯಲ್ಲಿ ಬೆಂದು ಹತ್ತು ಹೆಜ್ಜೆ ಓಡಿ, ಮೋರಿಯ ಮೇಲೆ ಕಾಲು ಗಂಟೆ ಕುಳಿತರೆ ಅದು ಓಟ ಆಗುವುದಿಲ್ಲ ಎಂದರು ಡಾಕ್ಟರರು. ಆಮೇಲೆ ಪಟ್ಟಿಯನ್ನು ಬಿಚ್ಚಿ ಸುಭಾಷಿಣಿಯಮ್ಮನ ತೋಳಿಗೆ ಸುತ್ತಿದರು. ನೋಡಿದರು. ಮತ್ತೊಮ್ಮೆ ಗಾಳಿ ತುಂಬಿ ನೋಡಿದರು.

“ಮಾರ್ಚಿನಲ್ಲಿ ಇವರದ್ದೂ ನಿಮ್ಮಷ್ಟೇ ಇತ್ತು. ನಿಮಗೆ ಹೇಳುವುದು ಬೇಡ, ನೀವು ಹೆದರುತ್ತೀರಿ ಎಂದಿದ್ದರು. ಈಗ ನೋಡಿದರೆ ಇಪ್ಪತ್ತು ವರ್ಷದ ಹುಡುಗಿಯ ಹಾಗೆ ಉಂಟು,” ಎಂದು ಡಾಕ್ಟರ್ ಕ್ಲಾರಾ ಕನ್ನಡಕ ತೆಗೆದಿಟ್ಟರು. “ಎಂತ ಹೇಳುವುದು ಪಂಡಿತರೇ, ಮದ್ದು ಬರೆದದ್ದು ನಿಮಗೆ. ಹಿಡಿದದ್ದು ಇವರಿಗೆ.”

ಅಂದು ಸಂಜೆ ಪಂಡಿತರು ಬಾರು ಕಿತ್ತ ಹವಾಯಿ ಚಪ್ಪಲಿಯನ್ನು ಅಳತೆಗೆಂದು ಪೇಪರಿನಲ್ಲಿ ಸುತ್ತಿಕೊಂಡು ಪೇಟೆಗೆ ಹೋದರು. ಬರುವಾಗ ಸರಿಯಾದ ನಂಬರಿನ ಕ್ಯಾನ್ವಾಸ್ ಶೂ ತಂದರು. ಮಾರನೆಯ ದಿನ ಬೆಳಿಗ್ಗೆ ಸುಭಾಷಿಣಿಯಮ್ಮನಿಗೆ ಅದರ ದಾರ ಕಟ್ಟಲು ತಿಳಿಯಲಿಲ್ಲ. ಪಂಡಿತರು ಮೆಟ್ಟಿಲ ಕೆಳಗೆ ಕುಳಿತು ತಾವೇ ಕಟ್ಟಿದರು. ಕಾಲು ಮುಟ್ಟಬೇಡಿ, ಯಾರಾದರೂ ನೋಡಿಯಾರು ಎಂದು ಅವರು ಗಾಬರಿಯಾದರು. ಡಾಂಬರಿಗೆ ಸವೆದು, ಹುಲ್ಲಿಗೆ ಗೀರಿದ ಆ ಹಿಮ್ಮಡಿಗಳನ್ನು ಪಂಡಿತರು ಆವತ್ತೇ ಮೊದಲು ನೋಡಿದ್ದು. ಗಂಟು ಹಾಕಲು ಸ್ವಲ್ಪ ಹೆಚ್ಚೇ ಹೊತ್ತು ತೆಗೆದುಕೊಂಡರು.

ನೀಲಿ ಸೂಟು ದನದ ಕೊಟ್ಟಿಗೆಯ ಕಿಟಕಿಗೆ ಪರದೆಯಾಯಿತು. ಮೊಣಕಾಲಿಗೆ ಎತ್ತಿ ಕಟ್ಟಿದ ಮಲ್ಲಿನ ಪಂಚೆ, ತೋಳಿಲ್ಲದ ನೀಲಿ ಬನಿಯನು, ಹೆಗಲ ಮೇಲೆ ಬೈರಾಸು, ತಲೆಗೆ ಮುಟ್ಟಾಳೆ, ಹೀಗೆ ಪಂಡಿತರು ಮಾರ್ಗಕ್ಕಿಳಿದರು. ಮೈಗೆ ಗಾಳಿ ತಾಗುತ್ತಿತ್ತು. ಸುಭಾಷಿಣಿಯಮ್ಮ ಐವತ್ತು ಹೆಜ್ಜೆ ಮುಂದೆ ಇದ್ದರು. ಆಗಾಗ ತಿರುಗಿ ನೋಡುತ್ತಿದ್ದರು. ಕುಂಜಿಬೆಟ್ಟಿನಲ್ಲಿ ಇಮ್ಯಾನುಯೆಲ್ ಪಂಪು ಬಿಟ್ಟು ಎದ್ದು ನಿಂತ. ಗಡಿಯಾರ ನೋಡಿದ, ಮುಂದೆ ಹೋದವರನ್ನು ನೋಡಿದ, ಆಮೇಲೆ ಪಂಡಿತರನ್ನು.

“ಎಂತ ಪಂಡಿತರೇ, ಇವತ್ತು ನೀವು ಹಿಂದೆ ಬಿದ್ದಿರಲ್ಲ?”

ಪಂಡಿತರು ಓಟ ನಿಲ್ಲಿಸಲಿಲ್ಲ.

“ಇವತ್ತಲ್ಲ ಮಾರಾಯ. ಮೊದಲ ದಿನದಿಂದಲೂ ನಾನು ಹಿಂದೆಯೇ. ನನಗೆ ಗೊತ್ತಾದದ್ದು ನಿನ್ನೆ.”