ಹೊಸ ಗಾಡಿಯ ಹಳೆ ಎಣ್ಣೆ

ನನಗೊಂದು ಕೆಟ್ಟ ಚಾಳಿಯಿದೆ, ಮೊದಲೇ ಹೇಳಿಬಿಡುತ್ತೇನೆ. ಕೆಡದೇ ಇರುವುದನ್ನು ಕೆಡುವ ಮೊದಲೇ ಸರಿಮಾಡಲು ಹೋಗುವುದು. ನಾನು ಇದನ್ನು ಮುಂಜಾಗ್ರತೆ ಎನ್ನುತ್ತೇನೆ. ನನ್ನ ಹೆಂಡತಿ ಗಿರಿಜಾ ಇದಕ್ಕೆ ಇಟ್ಟಿರುವ ಹೆಸರನ್ನು ಇಲ್ಲಿ ಬರೆಯುವಂತಿಲ್ಲ. ಚೆನ್ನಾಗಿ ತಿರುಗುತ್ತಿದ್ದ ಫ್ಯಾನನ್ನು ನಾನು ಬಿಚ್ಚಿ, ಒರೆಸಿ, ಮತ್ತೆ ತೂಗುಹಾಕಿದ ಮೇಲೆ ಆ ಬೇಸಿಗೆಯನ್ನು ನಾವು ರಟ್ಟಿನಲ್ಲಿ ಗಾಳಿ ಬೀಸಿಕೊಂಡು ಕಳೆದೆವು. ಕೊಳವೆಬಾವಿಯ ಸ್ಟಾರ್ಟರ್ ಪೆಟ್ಟಿಗೆಗೆ ಜೇಡ ಹೊಕ್ಕಿರಬಹುದೆಂಬ ಅನುಮಾನದಿಂದ ಅದನ್ನು ತೆರೆದು ನೋಡಿದೆ. ಜೇಡ ಇರಲಿಲ್ಲ. ಅವತ್ತಿನಿಂದ ಒಂದು ವಾರ ತೋಟಕ್ಕೆ ನೀರೂ ಇರಲಿಲ್ಲ. ಬುದ್ಧಿ ಬಂತೇ? ಎಲ್ಲಿಂದ ಬರಬೇಕು! ಹೊನ್ನವಳ್ಳಿಯ ಹತ್ತಿರ ಅಷ್ಟಿಷ್ಟು ತೆಂಗಿನ ತೋಟ ಇಟ್ಟುಕೊಂಡು ಮರ್ಯಾದೆಯಿಂದ ಇರಬಹುದಾಗಿದ್ದ ನಾನು ಹೋದಲ್ಲೆಲ್ಲ ಬೋಲ್ಟು ಬಿಚ್ಚುವ ಪಾನಾ ಹಿಡಿದುಕೊಂಡೇ ಹೋಗುತ್ತೇನೆ.

ಆದರೆ ಈ ಸಲ ಪಣಕ್ಕಿದ್ದದ್ದು ಫ್ಯಾನಲ್ಲ, ನಮ್ಮಣ್ಣ. ನಮ್ಮ ಮನೆ ಭಾಗವಾದಾಗ ತೋಟ, ಹಸು, ಹಿತ್ತಾಳೆ ಹಂಡೆ ಎಲ್ಲವೂ ಸಲೀಸಾಗಿ ಹಂಚಿಹೋದವು. ಕೊನೆಗೆ ಕೊಬ್ಬರಿ ಅಟ್ಟದ ಏಣಿಯೊಂದು ಉಳಿಯಿತು. ಏಣಿಯನ್ನು ಹೇಗೆ ಭಾಗ ಮಾಡುತ್ತೀರಿ? ಅದರ ಮೇಲೆ ಮಾತಿಗೆ ಮಾತು ಬೆಳೆದು ಅಣ್ಣ ಮಾತು ಬಿಟ್ಟ. ಒಂದೇ ಗೋಡೆಯ ಆಚೆ ಈಚೆ ವರ್ಷಗಟ್ಟಲೆ ಬಾಳಿದೆವು, ಅವನು ಕೆಮ್ಮಿದರೆ ನನಗೆ ಕೇಳಿಸುತ್ತಿತ್ತು, ಏನಾಯಿತಣ್ಣ ಎಂದು ಕೇಳುವ ಹಾಗಿರಲಿಲ್ಲ. ಅದರಷ್ಟು ಸಂಕಟ ಬೇರೆ ಇಲ್ಲ. ವಾರಗಿತ್ತಿಯರು ಮಾತ್ರ ಮಾತು ಬಿಟ್ಟಿರಲಿಲ್ಲ. ಮಳೆಗಾಲದಲ್ಲಿ ಬಾಡಿಗೆ ಗಾಡಿಯವರು ನಮ್ಮ ತೋಟದ ಕೆಸರಿಗೆ ಇಳಿಯಲು ಒಪ್ಪದೆ ಇದ್ದಾಗ, ಇಬ್ಬರ ಕೊಬ್ಬರಿಗೂ ಸೇರಿ ಒಂದು ಗಾಡಿ ತಗೊಳ್ಳಿ ಎಂದು ಇಬ್ಬರನ್ನೂ ಒಂದೇ ಜಗಲಿಯ ಮೇಲೆ ಕೂರಿಸಿದವರು ಅವರೇ. ಹಾಗೆ ಬಂದದ್ದು ಈ ನಾಲ್ಕೂ ಚಕ್ರ ಎಳೆಯುವ ಪಿಕಪ್ಪು. ಗಾಡಿ ಬಂದ ದಿನ ಅಣ್ಣ, "ಹತ್ಲಾ ಚಂದ್ರ, ಕೂತ್ಕೋ," ಎಂದ. ಅಷ್ಟು ಸಾಕಾಯಿತು ನನಗೆ, ಕಣ್ಣು ತುಂಬಿ ಬಂತು.

ಅಷ್ಟಕ್ಕೆ ಸುಮ್ಮನಿರಬೇಕಿತ್ತು. ಹಿಂದಿನ ಎರಡು ಚಕ್ರಗಳ ನಡುವೆ ಮಡಕೆಯ ಹಾಗೆ ಒಂದು ಉಬ್ಬು ಇರುತ್ತದಲ್ಲ, ಅದು ಡಿಫರೆನ್ಷಿಯಲ್, ನಮ್ಮ ಕಡೆ ಹೌಸಿಂಗ್ ಎನ್ನುತ್ತಾರೆ. ಗಾಡಿಯ ಹೊಟ್ಟೆಯ ಮಧ್ಯದಲ್ಲಿ ಮುಂದಕ್ಕೂ ಹಿಂದಕ್ಕೂ ಎಳೆತ ಹಂಚುವ ಇನ್ನೊಂದು ಪೆಟ್ಟಿಗೆ, ಅದು ಟ್ರಾನ್ಸ್‌ಫರ್ ಕೇಸ್. ಎರಡರಲ್ಲೂ ಹಲ್ಲುಚಕ್ರಗಳು ಎಣ್ಣೆಯಲ್ಲಿ ಅದ್ದಿಕೊಂಡು ತಿರುಗುತ್ತವೆ. ಬಹಳ ದೂರ ಓಡಿದ ಮೇಲೆ ಆ ಎಣ್ಣೆ ಬದಲಾಯಿಸಿ ಎಂದು ಗಾಡಿಯ ಜೊತೆ ಕೊಟ್ಟ ಪುಸ್ತಕ ಹೇಳುತ್ತದೆ. ಆದರೆ ಮೊಬೈಲಿನ ವಿಡಿಯೋದಲ್ಲಿ ಯಾರೋ ಪುಣ್ಯಾತ್ಮ, ಹೊಸ ಹಲ್ಲುಗಳು ಒಂದಕ್ಕೊಂದು ಒಗ್ಗಿಕೊಳ್ಳುವಾಗ ಕಬ್ಬಿಣದ ಪುಡಿ ಉದುರುತ್ತದೆ, ಮೊದಲ ಸಲ ಬೇಗ ಬದಲಾಯಿಸಿದರೆ ಗಾಡಿಗೆ ಆಯುಸ್ಸು ಎಂದ. ನನ್ನ ನಿದ್ದೆ ಹೋಯಿತು. ನಮ್ಮಪ್ಪ ಎತ್ತಿನ ಗಾಡಿ ಹೂಡುವ ಮೊದಲು ಕೀಲೆಣ್ಣೆ ಹಾಕದೆ ಅಂಗಳ ದಾಟಿದವರಲ್ಲ. ಅವರ ಮಗನಾಗಿ ಕಬ್ಬಿಣದ ಪುಡಿಯಲ್ಲಿ ಗಾಡಿ ಓಡಿಸುವುದೇ ಎಂದು ಅಣ್ಣನ ಹತ್ತಿರ ಹೋದೆ.

ಅಣ್ಣ ಅಸಲಿ ಕೊಬ್ಬರಿ ಮನುಷ್ಯ. ಕಾಯಿಯನ್ನು ಅಟ್ಟಕ್ಕೆ ಏರಿಸಿದರೆ ವರ್ಷ ತುಂಬುವವರೆಗೂ ಅತ್ತ ಕೈ ಹಾಕುವವನಲ್ಲ. ಆಮೇಲೆ ಒಂದನ್ನು ತೆಗೆದು ಕಿವಿಯ ಹತ್ತಿರ ಕುಲುಕುತ್ತಾನೆ. ಒಳಗೆ ಒಣಗಿದ ಗಿಟಕು ಚಿಪ್ಪಿನಿಂದ ಬಿಟ್ಟುಕೊಂಡು ಗಡಗಡ ಎಂದರೆ ಮಾತ್ರ ಸುಲಿಯುವ ಮಾತು. ನನ್ನ ವ್ಯಾಖ್ಯಾನವನ್ನೆಲ್ಲ ಕೇಳಿ ಅವನು, "ಲೇ, ಹದ ಆಗ್ದೆ ಏನನ್ನೂ ಬಿಚ್ಬಾರ್ದು ಕಣ್ಲಾ. ಸದ್ದು ಬರ್ಲಿ, ಆಮೇಲೆ ನೋಡಾನ," ಎಂದ.

"ಅಣ್ಣಾ, ಕೊಬ್ಬರಿ ಸದ್ದು ಮಾಡಿದ್ರೆ ಹದ. ಗಾಡಿ ಸದ್ದು ಮಾಡಿದ್ರೆ ಹೆಣ!" ಎಂದೆ.

"ಬುಡು ಬುಡು, ಹೊಸ ಗಾಡಿ ಹೊಟ್ಟೆ ಬಗೀತಾನಂತೆ," ಎಂದು ಎದ್ದುಹೋದ. ಹೋಗುವಾಗ ಒಂದು ಸಲ ಗಾಡಿಯ ಮಗ್ಗುಲಿಗೆ ಕಿವಿಯಿಟ್ಟು ಟಪಟಪ ಬಡಿದು ನೋಡಿ, ಸದ್ದಿಲ್ಲವೆಂದು ಸಮಾಧಾನಪಟ್ಟುಕೊಂಡ. ಇಂಥವನ ಜೊತೆ ಪಾಲುದಾರಿಕೆ ನನ್ನ ಹಣೆಯಲ್ಲಿ ಬರೆದಿತ್ತು.

ಕಳೆದ ತಿಂಗಳು ಅಣ್ಣ ಕಂದಿಕೆರೆಗೆ ಗೃಹಪ್ರವೇಶಕ್ಕೆಂದು ಬಸ್ಸಿನಲ್ಲಿ ಹೋದ. ಮಾರನೆಯ ದಿನ ಮಧ್ಯಾಹ್ನ ಬಂದು ಕೊಬ್ಬರಿ ತುಂಬಿಕೊಂಡು ತಿಪಟೂರಿಗೆ ಹೊರಡುವುದೆಂದು ಮಾತಾಗಿತ್ತು. ಅಷ್ಟರೊಳಗೆ ಎಣ್ಣೆ ಬದಲಾಯಿಸಿ, ಏನೂ ಅರಿಯದವನ ಹಾಗೆ ಕೂತಿದ್ದರಾಯಿತು ಎಂದುಕೊಂಡೆ. ಬೆಳಿಗ್ಗೆ ಗಾಡಿಯ ಕೆಳಗೆ ತೂರಿದೆ. ಎಣ್ಣೆ ಇಳಿಸುವ ಕೆಳಗಿನ ಬೋಲ್ಟುಗಳು ಎರಡೂ ಕಡೆ ಬೆಣ್ಣೆಯ ಹಾಗೆ ಬಿಚ್ಚಿಕೊಂಡವು. ಎಣ್ಣೆ ದಬದಬನೆ ಇಳಿಯಿತು, ಗಬ್ಬು ವಾಸನೆ ಅಂಗಳಕ್ಕೆಲ್ಲ ಹರಡಿತು.

"ಅಯ್ಯೋ, ಅದು ನನ್ನ ಚಕ್ಕುಲಿ ಬಾಣಲೆ ಕಣ್ರೀ!" ಎಂದು ಗಿರಿಜಾ ಓಡಿಬಂದಳು.

"ಬಾಣಲೆ ಹಾಳಾಗ್ಲಿ, ಇಲ್ಲಿ ನೋಡೇ," ಎಂದು ಎಣ್ಣೆಯನ್ನು ಎರಡು ಬೆರಳಲ್ಲಿ ಉಜ್ಜಿ ಬಿಸಿಲಿಗೆ ಹಿಡಿದೆ. "ಹೆಂಗೆ ಹೊಳೀತೈತೆ ನೋಡು. ಎಲ್ಲಾ ಕಬ್ಬಿಣದ ಪುಡಿ! ನಾನು ಹೇಳ್ಲಿಲ್ವಾ?" ಅವಳು ಬಾಣಲೆಯನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಪಕ್ಕದ ತೋಟದ ರಾಜಣ್ಣ ಬೇಲಿ ದಾಟಿ ಬಂದು ಕನ್ನಡಕ ಹಾಕಿಕೊಂಡು ಬಗ್ಗಿದ. "ನಂಗೇನೂ ಕಾಣಲ್ಲಪ್ಪ. ಒಳ್ಳೆ ಹರಳೆಣ್ಣೆ ಇದ್ದಂಗೈತೆ," ಎಂದ. ಕಾಣುವುದಕ್ಕೆ ಅನುಭವ ಬೇಕು ರಾಜಣ್ಣ ಎಂದು ಅವನಿಗೆ ಕಾಲು ಗಂಟೆ ಪಾಠ ಮಾಡಿದೆ. ಪುಡಿಯ ಗಾತ್ರ, ಅದು ಯಾವ ಹಲ್ಲಿನಿಂದ ಉದುರಿರಬಹುದು, ಇನ್ನೊಂದು ತಿಂಗಳು ಬಿಟ್ಟಿದ್ದರೆ ಏನು ಗತಿಯಾಗುತ್ತಿತ್ತು, ಎಲ್ಲವನ್ನೂ ವಿವರಿಸಿದೆ. ಜೀವನದಲ್ಲಿ ಮೊದಲ ಸಲ ನಾನು ಅಂದದ್ದು ನಿಜವಾಗಿತ್ತು. ಆ ಸಂತೋಷವನ್ನು ಒಬ್ಬನೇ ನುಂಗಿಕೊಳ್ಳಲು ನನ್ನಿಂದ ಆಗಲಿಲ್ಲ.

ಆಮೇಲೆ ಹೊಸ ಎಣ್ಣೆ ತುಂಬಲು ಮೇಲಿನ ಬೋಲ್ಟಿಗೆ ಪಾನಾ ಹಾಕಿದೆ. ಅದು ಅಲ್ಲಾಡಲಿಲ್ಲ. ಇನ್ನೊಂದಕ್ಕೆ ಹಾಕಿದೆ, ಅದೂ ಅಷ್ಟೇ. ತುಂಬುವ ಬೋಲ್ಟು ಬಿಚ್ಚುತ್ತದೆಯೇ ಎಂದು ನೋಡಿಕೊಂಡು ಆಮೇಲೆ ಎಣ್ಣೆ ಇಳಿಸಬೇಕೆಂದು ಮೊಬೈಲಿನ ಪುಣ್ಯಾತ್ಮ ಹೇಳಿದ್ದನಂತೆ, ನಾನು ಅಷ್ಟು ಹೊತ್ತಿಗೆ ನೋಡುವುದನ್ನು ನಿಲ್ಲಿಸಿ ಎದ್ದಿದ್ದೆ. ಸುತ್ತಿಗೆಯಲ್ಲಿ ಬಡಿದೆ, ಸೀಮೆಎಣ್ಣೆ ಸುರಿದೆ, ರಾಜಣ್ಣನನ್ನು ಕೆಳಗೆ ಎಳೆದುಕೊಂಡು ಇಬ್ಬರೂ ಕಾಲು ಕೊಟ್ಟು ಒದ್ದೆವು. ಬೋಲ್ಟಿನ ಮೂಲೆಗಳು ಸವೆಯತೊಡಗಿದವು. ರಾಜಣ್ಣ ಸೊಂಟ ಹಿಡಿದುಕೊಂಡು ಮನೆಗೆ ಹೋದ. ಬಿಚ್ಚಲು ಬಾರದು, ತುಂಬಲು ಬಾರದು, ಎಣ್ಣೆಯಿಲ್ಲದೆ ಓಡಿಸಲು ಬಾರದು. ಹೊಸ ಗಾಡಿ ಎರಡೂ ಹೊಟ್ಟೆ ಬರಿದು ಮಾಡಿಕೊಂಡು ನಿಂತಿತ್ತು, ನಾನು ಅದರ ಕೆಳಗೆ ಅಂಗಾತ ಮಲಗಿದ್ದೆ. ಕೊಬ್ಬರಿ ಒಂದು ದಿನ ತಡವಾದರೆ ಪ್ರಪಂಚ ಮುಳುಗುವುದಿಲ್ಲ. ಆದರೆ ಅಣ್ಣನಿಗೆ ಏನೆಂದು ಹೇಳುವುದು? ಒಂದು ಏಣಿಗೇ ಅಷ್ಟು ವರ್ಷ ಮಾತು ಬಿಟ್ಟವನು ಇಡೀ ಪಿಕಪ್ಪಿಗೆ ಎಷ್ಟು ವರ್ಷ ಬಿಡುತ್ತಾನೆ? ಇಬ್ಬರ ಆಯುಸ್ಸು ಸೇರಿಸಿದರೂ ಸಾಲದು ಅನ್ನಿಸಿತು.

"ಭಾವ ಬಂದ್ರು ಕಣ್ರೀ," ಎಂದಳು ಗಿರಿಜಾ. ಗಾಡಿಯ ಕೆಳಗಿನಿಂದ ನನಗೆ ಅಣ್ಣನ ಚಪ್ಪಲಿ ಮಾತ್ರ ಕಾಣಿಸಿತು. ಅದು ಬಾಣಲೆಯ ಹತ್ತಿರ ಬಂದು ನಿಂತಿತು. ಆಮೇಲೆ ತಿರುಗಿ ಹೊರಟೇಹೋಯಿತು. ಮುಗಿಯಿತು ಎಂದು ಕಣ್ಣು ಮುಚ್ಚಿದೆ. ನಿಜ ಹೇಳುತ್ತೇನೆ, ಅಳು ಬಂತು.

ಸ್ವಲ್ಪ ಹೊತ್ತಿಗೆ ಚಪ್ಪಲಿ ಮತ್ತೆ ಬಂತು, ಜೊತೆಗೆ ಪಂಪ್‌ಹೌಸಿನ ಒಂದು ಮಾರುದ್ದದ ಪೈಪು. ಅಣ್ಣ ಪಂಚೆ ಎತ್ತಿಕಟ್ಟಿ ಪಕ್ಕಕ್ಕೆ ತೂರಿಕೊಂಡ, ಪಾನಾದ ಹಿಡಿಗೆ ಪೈಪು ಸಿಕ್ಕಿಸಿ ಒಂದೇ ಎಳೆತ ಎಳೆದ. ಬೋಲ್ಟು ಕಿರ್ರೆಂದು ಬಿಟ್ಟುಕೊಂಡಿತು. ಎರಡನೆಯದೂ ಹಾಗೆಯೇ.

"ಎಂಥಾ ರಾಕ್ಷಸ ಬಿಗಿ ಮಾಡಿದ್ನೋ ಅಣ್ಣ ಇದನ್ನ," ಎಂದೆ ಅಂಜುತ್ತಾ.

"ನಾನೇ ಕಣ್ಲಾ," ಎಂದ. "ನಿನ್ನ ಮಾತು ಕೇಳಿ ನಂಗೂ ನಿದ್ದೆ ಹತ್ಲಿಲ್ಲ. ಅದಾದ ವಾರಾನೇ ಗಾಡಿ ತಗೊಂಡು ನೊಣವಿನಕೆರೆಗೆ ಹೋಗಿದ್ನಲ್ಲ, ಅಲ್ಲೇ ಬೀಗರ ಅಂಗಳದಾಗೆ ಎರಡ್ರದ್ದೂ ಬದಲಾಯಿಸ್ದೆ. ನಿಂಗೆ ಹೇಳಿದ್ರೆ ತಲೆ ಮೇಲೆ ಕೂತ್ಕೋತೀಯ. ನೀನು ಬಿಚ್ಚಿ ಇಣುಕಿ ನೋಡ್ಬಾರ್ದು ಅಂತ ಮೇಲಿಂದು ಪೈಪ್ ಹಾಕಿ ಬಿಗಿದೆ. ಕೆಳಗಿಂದು ಮೊದಲು ಬಿಚ್ಚೋ ದಡ್ಡ ಇರ್ತಾನೆ ಅಂತ ಯಾರಿಗ್ಲಾ ಗೊತ್ತಿತ್ತು?"

ನಾನು ಬಾಣಲೆಯ ಕಡೆ ತಿರುಗಿದೆ. "ಹಂಗಾದ್ರೆ ಈ ಬಾಣಲೇಲಿರೋದು..."

"ಹೊಸಾ ಎಣ್ಣೆ. ಹತ್ತು ಸಲ ತಿಪಟೂರು ನೋಡಿಲ್ಲ ಅದು. ಹೆಂಗಿತ್ಲಾ?"

ನಾನು ಬಾಯಿ ತೆರೆಯುವ ಮೊದಲೇ ಗಿರಿಜಾ, "ತುಂಬಾ ಹೊಳೀತಿತ್ತಂತೆ ಭಾವ. ಎಲ್ಲಾ ಕಬ್ಬಿಣದ ಪುಡಿಯಂತೆ. ಯಾವ ಹಲ್ಲಿಂದು ಅಂತಾನೂ ರಾಜಣ್ಣನಿಗೆ ಹೇಳ್ತಿದ್ರು," ಎಂದಳು.

ಅಣ್ಣ ಗಾಡಿಯ ಕೆಳಗೇ ನಗಲು ಶುರುಮಾಡಿದ. ನಗುವಿನ ರಭಸಕ್ಕೆ ತಲೆ ಹೌಸಿಂಗಿಗೆ ಬಡಿದರೂ ನಿಲ್ಲಿಸಲಿಲ್ಲ. ಅವತ್ತು ತಿಪಟೂರಿಗೆ ಹೋಗುವ ದಾರಿಯುದ್ದಕ್ಕೂ ನಕ್ಕ. ಮಾರುಕಟ್ಟೆಯಲ್ಲಿ ಹಮಾಲರಿಗೆ ಹೇಳಿದ, ಹೋಟೆಲಿನಲ್ಲಿ ಟೀ ಕೊಟ್ಟವನಿಗೆ ಹೇಳಿದ, ಬೀಗರಿಗೆ ಫೋನು ಮಾಡಿ ಹೇಳಿದ. ಈಗ ದಿನಾ ಬೆಳಿಗ್ಗೆ ಗೋಡೆಯ ಮೇಲಿಂದ ಕತ್ತು ಚಾಚಿ, "ಏನ್ಲಾ ಚಂದ್ರ, ಇವತ್ತೇನು ಹೊಳೀತೈತೆ?" ಎಂದು ಕೂಗುತ್ತಾನೆ. ಮಧ್ಯಾಹ್ನ ನೆಂಟರು ಬಂದರೆ ಅವರನ್ನು ಕರೆದುಕೊಂಡು ಬಂದು ನನ್ನ ಮುಂದೆಯೇ ಎಲ್ಲವನ್ನೂ ಮೊದಲಿನಿಂದ ಹೇಳುತ್ತಾನೆ, ಅಲ್ಲಲ್ಲಿ ಬಿಟ್ಟುಹೋದದ್ದನ್ನು ನನ್ನಿಂದಲೇ ತುಂಬಿಸಿಕೊಳ್ಳುತ್ತಾನೆ. ಅಣ್ಣ ಎಲ್ಲಿ ಮಾತು ಬಿಡುತ್ತಾನೋ ಎಂದು ಗಾಡಿಯ ಕೆಳಗೆ ಅತ್ತವನು ನಾನು. ಒಂದೇ ಒಂದು ದಿನ ಮಾತು ಬಿಟ್ಟರೆ ಸಾಕಪ್ಪಾ ಎಂದು ಈಗ ದೇವರಿಗೆ ಕೈಮುಗಿಯುತ್ತಿದ್ದೇನೆ.