ಪರದೆಯ ಆಚೆಯಿಂದ ನನ್ನ ಮೊಣಕಾಲು ಗುಣಪಡಿಸಿದ ವಿಶಾರದರಿಗೆ

ಎರ್ನಾಕುಳಂ ಕಲೂರ್‌ನ ಸಂಧಿಸೌಖ್ಯ ಮರ್ದನಾಲಯದ ಒಡೆಯರೂ, ಮರ್ದನ ವಿಶಾರದರೂ, ಕಣ್ಣಿನಿಂದ ನೋಡದ ಮೊಣಕಾಲನ್ನು ಕೂಡ ವಾಸಿಮಾಡಬಲ್ಲ ಮಹನೀಯರೂ ಆದ ಶ್ರೀ ಅಚ್ಯುತ ಪಣಿಕ್ಕರ್ ಅವರಿಗೆ, ತಿರುವನಂತಪುರದ ಪೂಜಪ್ಪುರದಿಂದ ಕುಸುಮಾವತಿ ಎರಡೂ ಕಾಲುಗಳ ಮೇಲೆ ನಿಂತು ಮಾಡುವ ವಂದನೆಗಳು.

ಮಾನ್ಯರೇ,

ಕಳೆದ ಭಾನುವಾರ ಕಾಸರಗೋಡಿನಿಂದ ಅಂಚೆಯಲ್ಲಿ ಬಂದಿದ್ದ ಕನ್ನಡ ವಾರಪತ್ರಿಕೆಯಲ್ಲಿ ತಮ್ಮ ಜಾಹೀರಾತನ್ನು ಕಂಡು, ನನ್ನ ಯಜಮಾನರಾದ ವಿಠಲರಾಯರು ಅದನ್ನು ಕಾಫಿ ಕುಡಿಯುತ್ತ ಗಟ್ಟಿಯಾಗಿ ಓದಿದರು. ತಿರುವನಂತಪುರದ ಶ್ರೀಮತಿ ಕುಸುಮಾವತಿ ಎಂಬ ಅರವತ್ತೈದು ವರ್ಷದ ವೃದ್ಧೆಯನ್ನು ಇಬ್ಬರು ಹೊತ್ತು ತಂದರೆಂದೂ, ವಿಶಾರದರ ಹಸ್ತಸ್ಪರ್ಶದಿಂದ ಆಕೆ ಇಪ್ಪತ್ತೊಂದನೆಯ ದಿನ ಓಡುತ್ತ ಮನೆಗೆ ಹೋದರೆಂದೂ ಅದರಲ್ಲಿತ್ತು. "ನಿನಗೆ ಅರವತ್ತೈದು ಆದದ್ದು ಯಾವಾಗ ಮಾರಾಯ್ತಿ? ನನಗೇ ಐವತ್ತಮೂರು ಇನ್ನು ತುಂಬಬೇಕಷ್ಟೆ" ಎಂದು ಅವರು ಕೇಳಿದರು. ನನಗೆ ನಲವತ್ತೊಂಬತ್ತು ಎಂಬುದು ತಮ್ಮ ದಾಖಲೆಯಲ್ಲಿಯೇ ಇದೆ. ರೋಗಿಗೆ ವಯಸ್ಸು ಹೆಚ್ಚಿದಷ್ಟೂ ವೈದ್ಯನ ಕೀರ್ತಿ ಹೆಚ್ಚುತ್ತದೆ ಎಂಬ ತಮ್ಮ ಲೆಕ್ಕಾಚಾರವನ್ನು ನಾನು ಗೌರವಿಸುತ್ತೇನೆ. ಹದಿನಾರು ವರ್ಷಗಳನ್ನು ತಾವೇ ಇಟ್ಟುಕೊಳ್ಳಬಹುದು. ಆದರೆ ಅದೇ ಜಾಹೀರಾತನ್ನು ನಂಬಿ ನನ್ನ ಅಕ್ಕ ರತ್ನ ಕುಂಬಳೆಯಿಂದ ತಮ್ಮಲ್ಲಿಗೆ ಹೊರಡಲು ಸಿದ್ಧಳಾಗಿರುವುದರಿಂದ, ಆ ಇಪ್ಪತ್ತೊಂದು ದಿನ ಏನೇನಾಯಿತೆಂದು ಅದೇ ಪತ್ರಿಕೆಯಲ್ಲಿ ಬಹಿರಂಗವಾಗಿ ಹೇಳುವುದು ನನ್ನ ಕರ್ತವ್ಯವಾಗಿದೆ.

ರಾಜ್ಯಗಳ ಗಡಿ ಬದಲಾದ ಮೇಲೆ, ಕನ್ನಡ ಕಾಗದಪತ್ರಗಳನ್ನು ಭಾಷಾಂತರಿಸುವ ಕೆಲಸಕ್ಕೆಂದು ನಮ್ಮವರಿಗೆ ತಿರುವನಂತಪುರದ ಸೆಕ್ರೆಟೇರಿಯಟ್ಟಿಗೆ ವರ್ಗವಾಯಿತು. ನಮಗೆ ಸಿಕ್ಕಿದ ಬಾಡಿಗೆ ಮನೆಗೆ ರಸ್ತೆಯಿಂದ ಹನ್ನೊಂದು ಮೆಟ್ಟಿಲು. ಎರಡನೆಯ ವರ್ಷ ನಾನು ಆ ಮೆಟ್ಟಿಲುಗಳನ್ನು ಹಿಂದುಮುಂದಾಗಿ, ಗೋಡೆ ಹಿಡಿದು ಇಳಿಯುವ ಸ್ಥಿತಿಗೆ ಬಂದೆ. ಆಸ್ಪತ್ರೆಯ ಡಾಕ್ಟರು ಎಕ್ಸ್‌ರೇ ನೋಡಿ, ಇದು ಆಸ್ಟಿಯೊ ಆರ್ಥ್ರೈಟಿಸ್, ಎಲುಬುಗಳ ನಡುವಿನ ಮೆತ್ತೆ ಸವೆದಿದೆ, ಸವೆದದ್ದು ಮತ್ತೆ ಬೆಳೆಯುವುದಿಲ್ಲ, ತೊಡೆಯ ಬಲ ಹೆಚ್ಚಿಸಿಕೊಂಡರೆ ನೋವು ತಗ್ಗೀತು ಎಂದರು. ನಿಜ ಹೇಳಿದ್ದಕ್ಕಾಗಿ ನನಗೆ ಅವರ ಮೇಲೆ ಸಿಟ್ಟು ಬಂತು. ತಾವಾದರೋ ನಾನು ಬರೆದ ಕಾಗದಕ್ಕೆ ಮರುಟಪಾಲಿನಲ್ಲೇ, ಸವೆದ ಮೆತ್ತೆಯನ್ನು ತುಂಬಿಸಿಕೊಡುವುದಾಗಿ ಭರವಸೆಯಿತ್ತಿರಿ. ನಾನು ರೈಲು ಹತ್ತಿ, ಕಲೂರ್‌ನಲ್ಲೇ ಇದ್ದ ನಮ್ಮ ಸಂಬಂಧಿ ವಿಜಯಾಳ ಮನೆಯಲ್ಲಿ ಇಳಿದುಕೊಂಡೆ. ಹೊತ್ತು ತಂದ ಆ ಇಬ್ಬರು ಯಾರೆಂದು ತಿಳಿದರೆ ಕೃತಜ್ಞತೆ ಹೇಳಬೇಕೆಂದಿದೆ, ಏಕೆಂದರೆ ಅಂದು ನಾನು ನಡೆದೇ ಬಂದೆನೆಂದು ನನಗೆ ಭ್ರಮೆಯಾಗಿದೆ.

ಪರಸ್ತ್ರೀಯ ಮೊಣಕಾಲನ್ನು ನೋಡಲೂ ಬಾರದು, ಮುಟ್ಟಲೂ ಬಾರದು ಎಂಬ ತಮ್ಮ ಸಭ್ಯತೆಯನ್ನು ಎಷ್ಟು ಹೊಗಳಿದರೂ ಸಾಲದು. ಈಚೆ ಎಣ್ಣೆ ತಿಕ್ಕುವ ಮರದ ಮಂಚದ ಮೇಲೆ ನಾನು, ನಡುವೆ ದಪ್ಪ ಹಸಿರು ಪರದೆ, ಆಚೆ ಕುರ್ಚಿಯಲ್ಲಿ ತಾವು. ಎಣ್ಣೆ ಕಾಯಿಸುವುದರಿಂದ ಕಾಲು ತಿಕ್ಕುವವರೆಗೆ ಎಲ್ಲವನ್ನೂ ಮಾಡುತ್ತಿದ್ದವಳು ತಮ್ಮ ಕೆಲಸದಾಕೆ ಕಾರ್ತ್ಯಾಯನಿ. ತಾವು ಆಚೆಯಿಂದ "ಅಮರ್ತ್ತ್, ಅಮರ್ತ್ತ್" ಎನ್ನುತ್ತಿದ್ದಿರಿ. ಒತ್ತು, ಇನ್ನೂ ಒತ್ತು ಎಂದರ್ಥ. ಮೊಣಕಾಲಿನ ಚಿಪ್ಪಿನ ಮೇಲೆ ಭಾರ ಹಾಕಿ ಒತ್ತಬೇಕು, ಟಕ್ಕೆಂದು ಸದ್ದಾಗಬೇಕು, ಆಗ ಒಳಗೆ ಸಿಕ್ಕಿಕೊಂಡ ವಾಯು ಹೊರಡುತ್ತದೆ ಎಂಬುದು ತಮ್ಮ ಸಿದ್ಧಾಂತ. ಮೂರನೆಯ ದಿನ ನನ್ನ ಬಲ ಮೊಣಕಾಲು ಕೆಂಪಾಗಿ ಚಕ್ಕೋತದಷ್ಟು ಊದಿತು, ಮುಟ್ಟಿದರೆ ಸುಡುತ್ತಿತ್ತು. ತಾವು ಪರದೆಯ ಆಚೆಯಿಂದಲೇ "ರೋಗ ಹೊರಗೆ ಬರುತ್ತಿದೆ, ಒಳ್ಳೆಯ ಲಕ್ಷಣ" ಎಂದಿರಿ. ಆ ದಿನ ನಾನು ವಿಜಯಾಳ ಹೆಗಲ ಮೇಲೆ ಕೈಹಾಕಿ ಒಂಟಿಕಾಲಿನಲ್ಲಿ ಮನೆಗೆ ಹೋದೆ. ಇನ್ನು ಮೇಲೆ ನಡೆಯುವುದು ಇಷ್ಟೇ ಎಂದು ಅತ್ತದ್ದೂ ಉಂಟು.

ಮರುದಿನ ಎಣ್ಣೆಯ ಬೋಗುಣಿ ಹಿಡಿದು ಬಂದ ಕಾರ್ತ್ಯಾಯನಿ ನನ್ನ ಕಿವಿಯ ಬಳಿ ಬಗ್ಗಿ, "ಅಮ್ಮ, ಬಿಸಿಯಾದ ಗಂಟನ್ನು ಯಾರೂ ತಿಕ್ಕಬಾರದು. ನೀವು ಸುಮ್ಮನೆ ನರಳುತ್ತ ಇರಿ, ನಾನು ನನ್ನಮ್ಮ ಕಲಿಸಿದ ಹಾಗೆ ಮಾಡುತ್ತೇನೆ" ಎಂದಳು. ಅವಳ ತಾಯಿ ಬಾಣಂತಿಯರಿಗೂ ಮುದುಕಿಯರಿಗೂ ಎಣ್ಣೆ ತಿಕ್ಕುತ್ತಿದ್ದವಳಂತೆ. ಬಾವು ಇಳಿಯುವವರೆಗೆ ಮೂರು ದಿನ ಅವಳು ಮೊಣಕಾಲನ್ನು ಮುಟ್ಟಲೇ ಇಲ್ಲ, ಪಾದವನ್ನಷ್ಟೇ ಸವರಿದಳು. ಆಮೇಲೆ ಉಗುರುಬೆಚ್ಚಗಿನ ಎಣ್ಣೆ ಹಚ್ಚಿ, ಮೊಣಕಾಲಿನ ಮೇಲ್ಭಾಗದಿಂದ ಸೊಂಟದ ಕಡೆಗೆ ಅಂಗೈಯನ್ನು ನಿಧಾನವಾಗಿ ಎಳೆದಳು. ತೊಡೆಯ ಮಾಂಸಖಂಡವನ್ನು ಚಪಾತಿ ಹಿಟ್ಟಿನ ಹಾಗೆ ಹಿಡಿದು ನಾದಿದಳು, ಮೀನಖಂಡದ ಬಿಗಿ ಬಿಡಿಸಿದಳು. ಕೊನೆಗೆ ಎರಡು ಹೆಬ್ಬೆರಳುಗಳಿಂದ ಚಿಪ್ಪಿನ ಸುತ್ತ ಸಣ್ಣ ಸಣ್ಣ ವೃತ್ತ ಹಾಕುತ್ತ ಬಂದಳು, ಚಿಪ್ಪಿನ ಮೇಲೆ ಮಾತ್ರ ಒಮ್ಮೆಯೂ ಭಾರ ಹಾಕಲಿಲ್ಲ. ತಿಕ್ಕಿ ಮುಗಿದ ಮೇಲೆ ಮೊಣಕಾಲಿನ ಕೆಳಗೆ ಮೈ ಒರೆಸುವ ತೋರ್ತನ್ನು ಮಡಿಸಿ ಇಟ್ಟು, "ಇದನ್ನು ಕಾಲಿನಿಂದ ಒತ್ತಿ ಹಿಡಿಯಿರಿ, ಐದು ಎಣಿಸಿ ಬಿಡಿ" ಎನ್ನುತ್ತಿದ್ದಳು. ತೊಡೆಗೆ ಬಲ ಬರಬೇಕೆಂದು ಡಾಕ್ಟರು ಹೇಳಿದ್ದನ್ನು, ಅವರ ಮುಖವನ್ನೇ ನೋಡದ ಈ ಹೆಂಗಸು ನನ್ನಿಂದ ಮಾಡಿಸಿದಳು.

ತಮ್ಮ ಮನಸ್ಸಿಗೆ ನೋವಾಗಬಾರದೆಂದು ಅವಳು ಒಣಗಿದ ತೆಂಗಿನ ಕಡ್ಡಿಗಳನ್ನು ಸೆರಗಿನಲ್ಲಿ ತರುತ್ತಿದ್ದಳು. ತಾವು "ಅಮರ್ತ್ತ್" ಎಂದಾಗ ಒಂದನ್ನು ಮುರಿಯುತ್ತಿದ್ದಳು, ನಾನು ನರಳುತ್ತಿದ್ದೆ, ತಾವು ಆಚೆಯಿಂದ "ಕೇಳಿಸಿತಲ್ಲ, ವಾಯು ಹೋಯಿತು" ಎನ್ನುತ್ತಿದ್ದಿರಿ. ಒಟ್ಟು ನಲವತ್ತಕ್ಕೂ ಹೆಚ್ಚು ಕಡ್ಡಿಗಳು ತಮ್ಮ ಚಿಕಿತ್ಸೆಯಿಂದ ಸಂಪೂರ್ಣ ವಾಯುಮುಕ್ತವಾದವು.

ಇಪ್ಪತ್ತೊಂದನೆಯ ದಿನ ನಾನು ಓಡಲಿಲ್ಲ. ವಿಜಯಾಳ ಮನೆಯ ಮೆಟ್ಟಿಲನ್ನು ಮುಖ ಮುಂದೆ ಮಾಡಿ, ಗೋಡೆ ಹಿಡಿಯದೆ ಇಳಿದೆ. ಸವೆದದ್ದು ಸವೆದೇ ಇದೆ, ಮಳೆಗಾಲದ ಬೆಳಿಗ್ಗೆ ಈಗಲೂ ಕಾಲು ಗೊಣಗುತ್ತದೆ, ಆದರೂ ಇಳಿದೆ. ಆ ಸಂತೋಷದಲ್ಲಿ ನಾನು ಮಾಡಿದ ತಪ್ಪು ತಮ್ಮ ಯಾವ ತಪ್ಪಿಗಿಂತಲೂ ಸಣ್ಣದಲ್ಲ. ಹೊರಡುವ ಮುಂಚೆ ತಮ್ಮ ಜಗಲಿಯಲ್ಲಿ ಕಾದು ಕುಳಿತಿದ್ದವರೆಲ್ಲರ ಎದುರಿಗೆ, "ನನ್ನ ಕಾಲು ಉಳಿಸಿದವಳು ಕಾರ್ತ್ಯಾಯನಿ, ಅವಳ ರೀತಿಯೇ ಬೇರೆ" ಎಂದು ಬಾಯ್ತುಂಬ ಹೇಳಿಬಿಟ್ಟೆ. ತಾವು ನಕ್ಕು ಕೈಮುಗಿದಿರಿ, ಅದೇ ಸಂಜೆ ಅವಳನ್ನು ಕೆಲಸದಿಂದ ತೆಗೆದಿರಿ.

ವಿಜಯಾಳ ಕಾಗದದಿಂದ ವಿಷಯ ತಿಳಿದದ್ದು ಹದಿನೈದು ದಿನಗಳ ಮೇಲೆ. ನಾನು ಮತ್ತೆ ರೈಲು ಹತ್ತಿದೆ. ಕೊಚ್ಚಿಯ ಒಂದು ಸಿಗಡಿ ಸುಲಿಯುವ ಶೆಡ್ಡಿನಲ್ಲಿ, ಮಂಜುಗಡ್ಡೆಯ ನೀರಿನಲ್ಲಿ ಕೈ ಅದ್ದಿಕೊಂಡು ಅವಳು ಸಾಲಿನಲ್ಲಿ ಕುಳಿತಿದ್ದಳು. ಬೆರಳ ತುದಿಗಳು ಬಿಳಿಚಿ, ಅಲ್ಲಲ್ಲಿ ಸೀಳಿದ್ದವು. ನಾನು ಕ್ಷಮೆ ಕೇಳಿದಾಗ ಅವಳು ತಲೆ ಎತ್ತದೆ, "ಅಮ್ಮ ಹೇಳಿದ್ದು ಸುಳ್ಳಲ್ಲ. ಆದರೆ ಹೇಳುವ ಮೊದಲು ನನ್ನನ್ನು ಒಂದು ಮಾತು ಕೇಳಬಹುದಿತ್ತು" ಎಂದಳು. ನಮ್ಮ ಮನೆಗೆ ಬಾ ಎಂದೆ. "ಅಡಿಗೆಯವಳಾಗಿ ಬರುವುದಿಲ್ಲ" ಎಂದಳು. ಅಡಿಗೆ ನಾನೇ ಮಾಡುತ್ತೇನೆ ಎಂದೆ. ಆಗ ಮಾತ್ರ ಅವಳು ಕೈ ಒರೆಸಿಕೊಂಡು ಎದ್ದಳು.

ಈಗ ನಮ್ಮ ಮನೆಯ ಮುಂದಿನ ಕೋಣೆ ಅವಳದು. ಹಗಲಿಡೀ ಅಲ್ಲಿ ಹೆಂಗಸರ ಕಾಲುಗಳು. ನಮ್ಮವರು ಕಚೇರಿಯಿಂದ ಬಂದರೆ ಹಿತ್ತಲ ಬಾಗಿಲಿನಿಂದ ಒಳಗೆ ಬರುತ್ತಾರೆ, "ಸರಕಾರಿ ನೌಕರನಿಗೆ ಸ್ವಂತ ಮನೆಗೆ ಪ್ರವೇಶ ಇಲ್ಲದ ಹಾಗೆ ಆಯ್ತು" ಎನ್ನುತ್ತಲೇ ಎಣ್ಣೆ ತಂದುಕೊಡುತ್ತಾರೆ.

ಆದುದರಿಂದ ಮಾನ್ಯರೇ, ಮುಂದಿನ ಜಾಹೀರಾತಿನಲ್ಲಿ ನನ್ನ ಹೆಸರಿನ ಜಾಗದಲ್ಲಿ ತಮ್ಮ ಪರದೆಯ ಹೆಸರನ್ನು ಹಾಕಿಸಬೇಕೆಂದೂ, ಮುಟ್ಟದೆ ತಿಕ್ಕುವ ತಮ್ಮ ವಿದ್ಯೆಯನ್ನು ಅಂಚೆಯ ಮೂಲಕವೇ ಕಲಿಸಿ ಕಾಸರಗೋಡಿನವರ ರೈಲು ಪ್ರಯಾಣವನ್ನು ತಪ್ಪಿಸಬೇಕೆಂದೂ, ಬಿಡುವಾದಾಗ ಪೂಜಪ್ಪುರಕ್ಕೆ ಬಂದು ಕಾರ್ತ್ಯಾಯನಿಯ ಬಳಿ ಒಂದೆರಡು ವರ್ಷ ಎಣ್ಣೆ ಕಾಯಿಸುವ ಕೆಲಸಕ್ಕೆ ಸೇರಬೇಕೆಂದೂ ಕೋರುತ್ತೇನೆ. ರತ್ನಕ್ಕ ತಮ್ಮಲ್ಲಿಗೆ ಬರುವುದಿಲ್ಲ. ಅವಳ ಟಿಕೇಟು ತಿರುವನಂತಪುರಕ್ಕೆ ಆಗಿದೆ.

ಇಂತು, ತಮ್ಮ ಕೈಯಿಂದ ಒಮ್ಮೆಯೂ ಮುಟ್ಟಿಸಿಕೊಳ್ಳದೆ ಗುಣಮುಖಳಾದ, ತಮ್ಮ ವಿಶ್ವಾಸಿ,
ಕುಸುಮಾವತಿ

ತಾಜಾ ಕಲಂ: ಅಕ್ಕನ ಮನೆಗೆಂದು ತಮಗೆ ಹೇಳಿ ಕಳೆದ ಗುರುವಾರ ಹೊರಟ ತಮ್ಮ ಶ್ರೀಮತಿಯವರು ನಮ್ಮಲ್ಲಿ ಸುಖವಾಗಿದ್ದಾರೆ. ಎಡ ಮೊಣಕಾಲು, ಆರು ವರ್ಷದ ನೋವಂತೆ, ಇನ್ನೂ ಹನ್ನೊಂದು ದಿನ ಬೇಕೆಂದು ಕಾರ್ತ್ಯಾಯನಿ ಹೇಳಿದ್ದಾಳೆ. ಇದನ್ನು ಪತ್ರಿಕೆಗೆ ಬರೆಯಬಹುದೇ ಎಂದು ಅವರನ್ನು ಕೇಳಿದೆ. "ಬರೆಯಿರಿ. ಯಾರಾದರೂ ಅವರಿಗೆ ಓದಿ ಹೇಳಲಿ. ನಾನು ಹೇಳಿದರೆ ಅವರಿಗೆ ಕೇಳಿಸುವುದಿಲ್ಲ" ಎಂದರು.