ಅತ್ತೆ ಮತ್ತು ನಾಲ್ಕು ಕಿಲೋ ಗಾಥಿಕ್

ನಮ್ಮ ಸೋದರತ್ತೆಗೆ ಕೊಟ್ಟೂರಿನಲ್ಲಿ ತನ್ನ ಪಕ್ಕದ ಓಣಿಯ ಹಿಟ್ಟಿನ ಗಿರಣಿ ಎಲ್ಲಿದೆ ಅಂತ ಈಗಲೂ ಸರಿಯಾಗಿ ಗೊತ್ತಿಲ್ಲ. ಆದರೆ ನೂರಾರು ವರ್ಷದ ಹಿಂದೆ ಫ್ರಾನ್ಸ್ ದೇಶದ ಯಾವ ಚರ್ಚಿನ ಚಾವಣಿ ಯಾಕೆ ಕುಸಿಯಿತು ಅಂತ ಕೇಳಿ ನೋಡಿ! ಕಂಬದ ದಪ್ಪದ ಸಮೇತ ಹೇಳುತ್ತಾಳೆ. ಹೇಳಿ ಮುಗಿಸಿದ ಮೇಲೆ, ಕುಸಿದದ್ದು ನಮ್ಮ ಮನೆಯದೇ ಮಾಳಿಗೆ ಎಂಬಂತೆ ಒಂದು ನಿಟ್ಟುಸಿರು ಬೇರೆ.

ಇದೆಲ್ಲ ಶುರುವಾದದ್ದು ಬಿಸಿಲಿನಿಂದ. ಅತ್ತೆ ಪ್ರಾಥಮಿಕ ಶಾಲೆಯ ಟೀಚರು. ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಯಾವುದೋ ತರಬೇತಿಗೆಂದು ಹರಪನಹಳ್ಳಿಗೆ ಬಂದವಳು, ವಾಪಸು ಬಸ್ಸಿಗೆ ಇನ್ನೂ ಹೊತ್ತಿದೆ ಅಂತ ಒಂದು ಗ್ರಂಥಾಲಯದ ಫ್ಯಾನಿನ ಕೆಳಗೆ ಹೋಗಿ ಕೂತಳು. ಅಲ್ಲಿ ಜನ ಓದುತ್ತಿದ್ದದ್ದು ಎರಡೇ: ಒಂದು ದಿನಪತ್ರಿಕೆ, ಇನ್ನೊಂದು ನೌಕರಿ ಪರೀಕ್ಷೆಯ ಗೈಡು. ಮೂಲೆಯ ಕಪಾಟಿನಲ್ಲಿ ಯಾರೋ ಪುಣ್ಯಾತ್ಮರು ಗೋಣಿಚೀಲದಲ್ಲಿ ತಂದು ಸುರಿದು ಹೋದ ಇಂಗ್ಲಿಷ್ ಪುಸ್ತಕಗಳಿದ್ದವು. ಫ್ಯಾನು ನಿಂತಿತು. ಗಾಳಿ ಬೀಸಿಕೊಳ್ಳೋಣ ಅಂತ ಅತ್ತೆ ಒಂದು ಪುಸ್ತಕ ಎಳೆದಳು. ಅದೋ, ನಾಲ್ಕು ಕಿಲೋ ತೂಗುತ್ತಿತ್ತು! ಬೀಸಲಾಗದೆ ಬಿಚ್ಚಿದಳು. ಅಲ್ಲಿಗೆ ನಮ್ಮ ವಂಶಕ್ಕೆ ಗಾಥಿಕ್ ಹತ್ತಿಕೊಂಡಿತು.

ಗಾಥಿಕ್ ಅಂದರೆ ಯುರೋಪಿನ ಹಳೆಯ ಚರ್ಚುಗಳನ್ನು ಕಟ್ಟಿದ ಶೈಲಿ. ಪುಸ್ತಕದ ತುಂಬ ಚೂಪು ಕಮಾನು, ಬಣ್ಣದ ಗಾಜಿನ ಕಿಟಕಿ, ಮಳೆನೀರು ಉಗುಳುವ ರಾಕ್ಷಸ ಮೂತಿಗಳು. ಆ ಶೈಲಿ ಹುಟ್ಟಿದ್ದು, ಬೆಳೆದದ್ದು, ಆಮೇಲಿನವರು ಅದನ್ನು ಒರಟು ಅಂತ ಬೈದದ್ದು, ಅವರ ಮೊಮ್ಮಕ್ಕಳು ಮತ್ತೆ ಅದನ್ನೇ ಇಷ್ಟಪಟ್ಟು ರೈಲ್ವೆ ಸ್ಟೇಷನ್ನಿಗೂ ಅಂಟಿಸಿದ್ದು, ಎಲ್ಲ ಅದರಲ್ಲಿತ್ತು. ಅತ್ತೆ ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ದಿನಕ್ಕೊಂದು ಪುಟ ಓದುತ್ತಿದ್ದಳು. ಬೇರೆ ಊರಿನವರಿಗೆ ಮೆಂಬರ್‌ಶಿಪ್ ಕೊಡುವುದಿಲ್ಲವಾದ್ದರಿಂದ ಪುಸ್ತಕ ತೆಗೆದದ್ದು ನನ್ನ ಹೆಸರಿನಲ್ಲಿ. ನಾನಾಗ ಹರಪನಹಳ್ಳಿಯಲ್ಲಿ ಬಿ.ಎ. ಇಂಗ್ಲಿಷ್ ಪತ್ರಿಕೆಯಲ್ಲಿ ಎರಡು ಸಲ ಫೇಲಾಗಿ, ಕೇರಂನಲ್ಲಿ ಮಾತ್ರ ರ್‍ಯಾಂಕ್ ಬಂದಿದ್ದ ವಿದ್ಯಾವಂತ. ಗ್ರಂಥಾಲಯದ ರಿಜಿಸ್ಟರಿನ ಪ್ರಕಾರ ಇಡೀ ತಾಲ್ಲೂಕಿಗೆ ಗಾಥಿಕ್ ಪಂಡಿತ ನಾನೊಬ್ಬನೇ!

ಅತ್ತೆಯ ಓದು ಪುಸ್ತಕದಲ್ಲೇ ಇದ್ದಿದ್ದರೆ ಓಣಿ ನೆಮ್ಮದಿಯಾಗಿರುತ್ತಿತ್ತು. ಆಕೆ ಚರ್ಚಿನ ದುಂಡು ಕಿಟಕಿಯನ್ನು ಅಂಗಳಕ್ಕಿಳಿಸಿದಳು. ನಡುವೆ ಮೊಳೆ ಹೊಡೆದು, ದಾರ ಕಟ್ಟಿ, ಹನ್ನೆರಡು ಎಸಳು, ಎಸಳಿನೊಳಗೆ ಎಸಳು. ರಂಗೋಲಿ ಬೆಳೆದು ಬೆಳೆದು ಎದುರು ಮನೆಯ ಮೆಟ್ಟಿಲು ಮುಟ್ಟಿತು. ಹಾಲಿನವನು ಸೈಕಲ್ ಇಳಿದು ಹಿಂದಿನ ಓಣಿಯಿಂದ ಬರಬೇಕಾಯಿತು. ಎದುರು ಮನೆಯಾಕೆ ಬಂದು ಇದು ಯಾವ ದೇವರ ಮಂಡಲ ಅಂತ ವಿಚಾರಿಸಿದಳು. ಅತ್ತೆ, ಇದು ಕಿಟಕಿ ಅಂದಳು.

"ಕಿಟಕಿ ನೆಲದಾಗ ಹಾಕೀರಿ ಟೀಚರಮ್ಮ. ಇನ್ನ ಗ್ವಾಡಿಯಾಗ ಏನ್ ಹಾಕ್ತೀರಿ, ಬಾವಿನಾ?"

ಗೋಡೆಯ ಸರದಿಯೂ ಬಂತು. ಹಿತ್ತಲ ಗೋಡೆ ಹೊಟ್ಟೆ ಬಿಟ್ಟುಕೊಂಡು ಹೊರಕ್ಕೆ ಬಾಗಿತ್ತು. ಕೆಡವಿ ಕಟ್ಟೋಣ ಅಂದ ಮೇಸ್ತ್ರಿಯ ಮುಂದೆ ಅತ್ತೆ ಪುಸ್ತಕ ಬಿಚ್ಚಿದಳು. ಎತ್ತರದ ಗೋಡೆ ಬೀಳದಂತೆ ಹೊರಗಿನಿಂದ ಅರ್ಧ ಕಮಾನು ಕಟ್ಟಿ, ಭುಜ ಕೊಟ್ಟಂತೆ ನಿಲ್ಲಿಸುತ್ತಾರೆ ನೋಡಿ, ಅಂಥದ್ದು ಬೇಕು ಅಂದಳು. ಮೇಸ್ತ್ರಿ ಅಳತೆ ಹಿಡಿದ. ಕಮಾನಿನ ಕಾಲು ಹೋಗಿ ಊರಿದ್ದು ಪಕ್ಕದ ಮನೆಯವರ ಜಾಗದಲ್ಲಿ!

"ಗ್ವಾಡಿ ನಿಮ್ಮದು, ಕಾಲು ಮಂದಿ ಹಿತ್ತಲದಾಗ ಊರು ಅಂತೀರಲ್ರಿ," ಅಂತ ಅವನು ತಲೆ ಕೆರೆದುಕೊಂಡ.

ಪಕ್ಕದ ಮನೆಯವರು ಒಳ್ಳೆಯವರು, ಜಗಳವಾಡಲಿಲ್ಲ. ಕಮಾನು ಎದ್ದ ಮರುದಿನ ಅದಕ್ಕೆ ತಮ್ಮ ಎಮ್ಮೆ ಕಟ್ಟಿದರು. ಗಾಥಿಕ್ ಶೈಲಿಯ ಇತಿಹಾಸದಲ್ಲಿ ಎಮ್ಮೆಯ ಅಧ್ಯಾಯ ಶುರುವಾದದ್ದು ಕೊಟ್ಟೂರಿನಲ್ಲಿ. ಗೋಡೆ ಮಾತ್ರ ಇವತ್ತಿಗೂ ನಿಂತಿದೆ, ಆ ಮಾತು ಬೇರೆ.

ಊರೆಲ್ಲ ನಕ್ಕಿತು. ನಾನು ಎಲ್ಲರಿಗಿಂತ ಜಾಸ್ತಿ ನಕ್ಕೆ, ಯಾಕೆಂದರೆ ಊರಿಗೆ ಕತೆ ಒದಗಿಸುತ್ತಿದ್ದವನೇ ನಾನು. ಅತ್ತೆ ಯಾರ ಮೇಲೂ ಸಿಟ್ಟಾಗಲಿಲ್ಲ. ಆಕೆಗೆ ಮದುವೆಯಾಗಿರಲಿಲ್ಲ. ಶಾಲೆಯಿಂದ ಬಂದು ಬಾಗಿಲು ಹಾಕಿಕೊಂಡರೆ ಮರುದಿನ ಶಾಲೆಗೇ ತೆಗೆಯುವುದು. ನಾನು ಹೋದಾಗೆಲ್ಲ ಚಹಾಕ್ಕಿಂತ ಮೊದಲು ಒಂದೇ ಪ್ರಶ್ನೆ:

"ಪುಸ್ತಕ ಮತ್ತ್ಯಾರರ ಕೇಳ್ಯಾರೇನು?"

ಯಾರೂ ಕೇಳಿಲ್ಲ ಅನ್ನುತ್ತಿದ್ದೆ. ಯಾರಾದರೂ ಕೇಳಿದರೆ ಪುಸ್ತಕ ಕೈತಪ್ಪುತ್ತದೆ ಅನ್ನುವ ಭಯ ಈಕೆಗೆ ಅಂತ ನಾನು ತಿಳಿದಿದ್ದೆ. ಹಾಗಾದರೆ "ಇಲ್ಲ" ಅಂದಾಗ ಆಕೆಯ ಮುಖ ಅರಳಬೇಕಿತ್ತಲ್ಲ? ಅರಳುತ್ತಿರಲಿಲ್ಲ. ನಾನು ಎರಡು ಸಲ ಫೇಲಾದದ್ದು ಸುಮ್ಮನೆ ಅಲ್ಲ.

ಈಗ ನನ್ನ ಪಾಪದ ಭಾಗ. ಹದಿನೈದು ದಿನಕ್ಕೊಮ್ಮೆ ಪುಸ್ತಕಕ್ಕೆ ಗ್ರಂಥಾಲಯದ ಮರು ಮುದ್ರೆ ಬೀಳಬೇಕಿತ್ತು. ನಾನು ಒಂದು ಭಾನುವಾರ ಅದನ್ನು ಅತ್ತೆಯ ಮನೆಯಿಂದ ಹೊತ್ತುಕೊಂಡು ಹೋಗಿ, ಮುಂದಿನ ಭಾನುವಾರ ತಂದು ಕೊಡುತ್ತಿದ್ದೆ. ನಡುವಿನ ವಾರ ಪುಸ್ತಕ ಕಪಾಟಿನಲ್ಲಿ ಇರಬೇಕು, ಬೇರೆಯವರಿಗೂ ಅವಕಾಶ ಸಿಗಬೇಕು, ಇದು ನಿಯಮ ಅಂತ ಅತ್ತೆಗೆ ಹೇಳಿದ್ದೆ. ಆ ನಿಯಮ ಗ್ರಂಥಾಲಯದ್ದಲ್ಲ, ನನ್ನ ಸೋಮಾರಿತನದ್ದು. ವಾರಪೂರ್ತಿ ಪುಸ್ತಕ ನನ್ನ ಮಂಚದ ಕೆಳಗೆ ಚಪ್ಪಲಿಗಳ ಜೊತೆ ಬಿದ್ದಿರುತ್ತಿತ್ತು.

ಒಂದು ದಿನ ಮಂಡಕ್ಕಿ ಸುರಿದುಕೊಳ್ಳಲು ಅಗಲವಾದದ್ದೇನಾದರೂ ಬೇಕಿತ್ತು, ಅದನ್ನೇ ಎಳೆದೆ. ಅಂಚಿನಲ್ಲಿ ಪೆನ್ಸಿಲಿನ ಸಣ್ಣ ಅಕ್ಷರ. ದುಂಡು ಕಿಟಕಿಯ ಚಿತ್ರದ ಪಕ್ಕ ಅತ್ತೆ ಬರೆದಿದ್ದಳು: "ಬಿಸಿಲು ಬಿದ್ದಾಗ ಈ ಬಣ್ಣವೆಲ್ಲ ನೆಲದ ಮೇಲೆ ಚೆಲ್ಲುತ್ತದಂತೆ. ನಿಮಗೂ ನೋಡಬೇಕೆನಿಸಿತೆ?"

ನಿಮಗೂ! ಯಾರಿಗೆ? ಮಂಚದ ಕೆಳಗಿನ ಚಪ್ಪಲಿಗೆ? ನನಗೆ ನಗು ತಡೆಯಲಿಲ್ಲ. ಎಡಗೈಯಲ್ಲಿ ಪೆನ್ಸಿಲ್ ಹಿಡಿದು, ಅಕ್ಷರ ಗುರುತು ಸಿಗದ ಹಾಗೆ ಕೆಳಗೆ ಬರೆದೆ: "ಅನಿಸಿತು. ಆದರೆ ಆ ನೆಲ ಗುಡಿಸುವವರು ಯಾರು?"

ಮುಂದಿನ ಸಲ ಹೋದಾಗ ಅತ್ತೆ ತನ್ನ ಮಾಮೂಲಿ ಪ್ರಶ್ನೆ ಕೇಳಲೇ ಇಲ್ಲ. ಮಿರ್ಚಿ ಕರಿದಿಟ್ಟಿದ್ದಳು. ನಾನು ಒಂದನ್ನು ಬಾಯಿಗಿಟ್ಟ ಹೊತ್ತಿಗೆ, ಗೋಡೆಗೂ ಕೇಳದಷ್ಟು ಮೆಲ್ಲಗೆ ಹೇಳಿದಳು.

"ಲೇ, ಆ ಪುಸ್ತಕ ಇನ್ನೊಬ್ಬರು ಓದಾಕ ಹತ್ತ್ಯಾರ. ಭಾಳ ತಿಳದೋರು ಅದಾರ ಅನಸ್ತೈತಿ."

ಮಿರ್ಚಿ ಮೂಗಿಗೇರಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಅತ್ತೆ ನೀರು ಕೊಟ್ಟು ಬೆನ್ನು ಸವರಿದಳು. ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಇಂಥಾ ತಮಾಷೆ ಎರಡು ವಾರಕ್ಕೇ ಮುಗಿಸುವುದಾ ಅಂತ ದುರಾಸೆ!

ಪುಸ್ತಕ ತಂದು ನೋಡಿದರೆ ಅಂಚು ತುಂಬಿ, ಒಂದು ಚೀಟಿಯೂ ಸೇರಿತ್ತು. "ಎಷ್ಟು ದೊಡ್ಡ ಪ್ರಶ್ನೆ ಕೇಳಿದಿರಿ. ಇಷ್ಟು ದಪ್ಪ ಪುಸ್ತಕದಲ್ಲಿ ಕಲ್ಲು ಹೊತ್ತವರ ಹೆಸರೇ ಇಲ್ಲ, ಗುಡಿಸಿದವರದು ಎಲ್ಲಿ ಬರಬೇಕು?" ಅಂತ ಶುರುವಾಗಿ, ಚೂಪು ಕಮಾನು ದುಂಡು ಕಮಾನಿಗಿಂತ ಯಾಕೆ ಗಟ್ಟಿ, ಇದರ ಬಗ್ಗೆ ತಮ್ಮ ಅಭಿಪ್ರಾಯವೇನು ಅನ್ನುವಲ್ಲಿಗೆ ನಿಂತಿತ್ತು.

ನನ್ನ ಅಭಿಪ್ರಾಯ! ಕಮಾನಿನ ಬಗ್ಗೆ ನನಗೆ ಗೊತ್ತಿದ್ದದ್ದು ಅದರ ಕೆಳಗೆ ನಿಂತು ಬಸ್ಸು ಕಾಯಬಹುದು ಅಂತ ಮಾತ್ರ. ಉತ್ತರ ಬರೆಯಬೇಕೆಂದರೆ ಓದಬೇಕಾಯಿತು. ಡಿಕ್ಷನರಿ ಕಡ ತಂದೆ. ಚಹಾದಂಗಡಿಯ ಕೇರಂ ಬೋರ್ಡಿನ ಮೇಲೆ ಬಿಸ್ಕತ್ತು ಎರಡನ್ನು ಒಂದಕ್ಕೊಂದು ಆನಿಸಿ ನಿಲ್ಲಿಸಿ, ಭಾರ ಹೇಗೆ ಕೆಳಗಿಳಿಯುತ್ತದೆ ಅಂತ ಗೆಳೆಯರಿಗೆ ವಿವರಿಸಿದೆ. "ಮೊದಲು ಸ್ಟ್ರೈಕರ್ ಹೊಡಿಯಲೇ, ಚರ್ಚು ಆಮ್ಯಾಲ ಕಟ್ಟೋಣು," ಅಂದರು. ಆರು ತಿಂಗಳು ಹೀಗೇ ನಡೆಯಿತು. ಅತ್ತೆಗೆ ಮೋಸ ಮಾಡಲು ನಾನು ಓದಿದಷ್ಟನ್ನು ನನ್ನ ಅಪ್ಪ ಹೊಡೆದು ಬಡಿದರೂ ಓದಿರಲಿಲ್ಲ. ಮೂರನೇ ಸಲದ ಇಂಗ್ಲಿಷ್ ಪರೀಕ್ಷೆಯಲ್ಲಿ ಪಾಸಾದೆ! ಮನೆಯವರು ದೇವರಿಗೆ ಕಾಯಿ ಒಡೆದರು. ಅದು ಸಲ್ಲಬೇಕಾದದ್ದು ಎಮ್ಮೆ ಕಟ್ಟಿದ ಆ ಕಮಾನಿಗೆ.

ಒಂದು ಭಾನುವಾರ ಅತ್ತೆಯ ಮನೆಯಲ್ಲಿ ಹೊಸ ಕುರ್ಚಿಯೊಂದು ಬಂದಿತ್ತು. ಅಲ್ಲಿವರೆಗೆ ಇದ್ದದ್ದು ಒಂದೇ ಕುರ್ಚಿ. ನನಗೆ ಯಾವಾಗಲೂ ಚಾಪೆ. ಖುಷಿಯಾಗಿ ಕೂರಲು ಹೋದೆ.

"ಅದರಾಗ ಬ್ಯಾಡ," ಅಂದಳು ಅತ್ತೆ. "ಹೊಸಾದೈತಿ."

ಚಾಪೆಯ ಮೇಲೆ ಕೂತೆ. ಆ ದಿನ ಮೊದಲ ಸಲ ನನಗೆ ನಗು ಬರಲಿಲ್ಲ. ಹೊರಡುವಾಗ ಅತ್ತೆ, ಬರುವ ಭಾನುವಾರ ತನಗೆ ಕೆಲಸವಿದೆ, ನೀನು ಬರಬೇಡ ಅಂದಳು. ಹರಪನಹಳ್ಳಿಗೆ ಬಂದು ಪುಸ್ತಕ ಬಿಚ್ಚಿದರೆ ಕೊನೆಯ ಪುಟದಲ್ಲಿ ಬರೆದಿದ್ದಳು: "ಕಮಾನುಗಳ ಬಗ್ಗೆ ಇಷ್ಟು ಮಾತಾಡಿದೆವು. ನಮ್ಮ ಕೋಗಳಿಯ ಹಳೆಯ ಬಸದಿಯಲ್ಲಿ ಕಮಾನೇ ಇಲ್ಲದೆ ಕಲ್ಲು ನಿಂತಿದೆ. ಬರುವ ಭಾನುವಾರ ಹತ್ತು ಗಂಟೆಗೆ ಅಲ್ಲಿರುತ್ತೇನೆ. ಬಿಡುವಿದ್ದರೆ ಬನ್ನಿ. ಬಾರದಿದ್ದರೂ ಬೇಸರವಿಲ್ಲ."

ಬೇಸರವಿಲ್ಲ ಅನ್ನುವ ಮಾತಿನ ಕೆಳಗೆ ಕಾಗದ ತೆಳ್ಳಗಾಗಿತ್ತು. ರಬ್ಬರಿನಿಂದ ಏನನ್ನೋ ಉಜ್ಜಿ ಅಳಿಸಿದ್ದಳು. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆ. ಪೆನ್ಸಿಲ್ ಒತ್ತಿದ ಗೆರೆ ಹೋಗಿರಲಿಲ್ಲ. "ಮಕ್ಕಳಿಗೆ ಮಗ್ಗಿ ಹೇಳಿಸುವುದು ಮಾತಲ್ಲ. ನಾನು ಮಾತಾಡಿ ಎಷ್ಟು ವರ್ಷವಾಯಿತೋ" ಅಂತಿತ್ತು, ಅರ್ಧಕ್ಕೇ ನಿಂತಿತ್ತು.

ಆ ವಾರ ನಾನು ಇಲ್ಲದ ಆ ಓದುಗನನ್ನು ಬೀದರಿಗೆ ವರ್ಗ ಮಾಡಿದೆ, ಕಾಮಾಲೆ ಬರಿಸಿದೆ, ಒಂದು ಸಲ ಸಾಯಿಸಿಯೂ ನೋಡಿದೆ. ಎಲ್ಲ ಮನಸ್ಸಿನಲ್ಲೇ. ಬರೆದರೂ ಅದು ಆಕೆಗೆ ತಲುಪುವುದು ಭಾನುವಾರ ಕಳೆದ ಮೇಲೆ. ಭಾನುವಾರ ಬೇಕೆಂದೇ ಮೊದಲ ಬಸ್ಸು ತಪ್ಪಿಸಿಕೊಂಡೆ. ತಡವಾಗಿ ಹೋದರೆ ಆಕೆ ಕಾದು ವಾಪಸು ಹೋಗಿರುತ್ತಾಳೆ, ಎಲ್ಲ ತಾನಾಗಿ ಮುಗಿಯುತ್ತದೆ ಅಂತ ಲೆಕ್ಕ.

ಕೋಗಳಿ ತಲುಪಿದಾಗ ಹನ್ನೆರಡೂವರೆ. ಅತ್ತೆ ಬಸದಿಯ ಮುಂದಿನ ಕಲ್ಲುಕಟ್ಟೆಯ ಮೇಲೆ ಕೂತಿದ್ದಳು. ಇಸ್ತ್ರಿ ಮಾಡಿದ ಸೀರೆ, ಪಕ್ಕದಲ್ಲಿ ಎರಡು ಡಬ್ಬಿ ಬುತ್ತಿ. ನಾನು ಗಿಡದ ಮರೆಗೆ ನಿಂತೆ. ಕುರಿ ಹೊಡೆದುಕೊಂಡು ಒಬ್ಬ ಬಂದ. ಅತ್ತೆ ಸೆರಗು ಸರಿಮಾಡಿಕೊಂಡು ಅರ್ಧ ಎದ್ದಳು. ಅವನು ದಾಟಿ ಹೋದ, ಕೂತಳು. ಮೊಪೆಡ್ಡಿನ ಮೇಲೆ ಇನ್ನೊಬ್ಬ ಬಂದ. ಮತ್ತೆ ಎದ್ದಳು, ಮತ್ತೆ ಕೂತಳು. ಮೂರನೇ ಸಲ ಬಂದದ್ದು ಒಂದು ನಾಯಿ. ಅದಕ್ಕೂ ಆಕೆ ಒಂದು ಕ್ಷಣ ಮುಖ ಎತ್ತಿದಾಗ ನನ್ನಿಂದ ನಿಲ್ಲಲಾಗಲಿಲ್ಲ.

ಎದುರಿಗೆ ಹೋದೆ. ಬಸ್ಸಿನಲ್ಲಿ ಆರು ಸುಳ್ಳು ತಯಾರು ಮಾಡಿಕೊಂಡಿದ್ದೆ, ಒಂದೂ ನೆನಪಾಗಲಿಲ್ಲ.

"ಬರಬ್ಯಾಡ ಅಂದಿದ್ನೆಲ್ಲ," ಅಂದಳು. ಕಣ್ಣು ಇನ್ನೂ ದಾರಿಯ ಮೇಲೇ ಇತ್ತು.

"ಅತ್ತಿ, ಅವರು ಬರಂಗಿಲ್ಲ. ಅದು ನಾನಽ."

ಅತ್ತೆ ದಾರಿಯಿಂದ ಕಣ್ಣು ತೆಗೆದು ನನ್ನನ್ನು ನೋಡಿದಳು. ಬೈಯುತ್ತಾಳೆ ಅಂತ ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಎಲ್ಲಾನೂ?"

"ಎಲ್ಲಾನೂ. ಎಡಗೈಲೆ."

ಆಕೆ ನನ್ನ ಚೀಲದಿಂದ ಪುಸ್ತಕ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡಳು. ಬಿಚ್ಚಲಿಲ್ಲ. ಅದರ ರಟ್ಟಿನ ಮೇಲೆ ಕೈಯಾಡಿಸಿದಳು. ಆಮೇಲೆ ಶಾಲೆಯಲ್ಲಿ ಕೇಳುವ ದನಿಯಲ್ಲೇ ಕೇಳಿದಳು.

"ನೀ ಬರದದ್ದು ಇರ್ಲಿ. ನಾ ಬರದದ್ದು ಓದಿಯೇನು?"

"ಓದೀನಿ."

"ಪೂರಾ?"

"ನೀ ಅಳಿಸಿದ್ದೂ ಓದೀನಿ ಅತ್ತಿ."

ಅತ್ತೆ ಒಂದು ಡಬ್ಬಿಯ ಮುಚ್ಚಳ ತೆಗೆದು ನನ್ನ ಕಡೆ ಇಟ್ಟಳು. ಆಮೇಲೆ ಸ್ವಲ್ಪ ಸರಿದು ಜಾಗ ಮಾಡಿದಳು. ಕಟ್ಟೆ ಹತ್ತು ಜನ ಕೂರುವಷ್ಟು ಉದ್ದವಿತ್ತು, ಸರಿಯುವ ಅಗತ್ಯವೇ ಇರಲಿಲ್ಲ.